ನಾನು ಕಂಪ್ಯೂಟರ್ ಪಂಡಿತನಾದದ್ದು

ಉತ್ತರಪತ್ರಿಕೆ ತಿದ್ದುವುದರಲ್ಲಿ ನನ್ನ ಕೈ ಬಹಳ ಧಾರಾಳ. ಇದು ನಾನು ಹೇಳುವ ಮಾತಲ್ಲ, ಸೋಲದೇವನಹಳ್ಳಿಯ ನಮ್ಮ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಚರಿತ್ರೆ ಓದಿ ಪಾಸಾದವರೆಲ್ಲ ಹೇಳುವ ಮಾತು. ಪ್ಲಾಸಿ ಕದನದಲ್ಲಿ ಸೋತವರನ್ನು ಗೆಲ್ಲಿಸಿ ಬರೆದಿದ್ದರೂ, ಪಾಪ, ಕದನ ನಡೆದದ್ದಾದರೂ ಗೊತ್ತಿದೆಯಲ್ಲ ಎಂದು ಎರಡು ಅಂಕ ಹಾಕುವವನು ನಾನು. ಅಂಥವನಿಗೆ ತನಗೆ ತಾನೇ ಅಂಕ ಹಾಕಿಕೊಳ್ಳುವ ಅವಕಾಶ ಸಿಕ್ಕರೆ ಕೈ ತಡೆಯುವುದುಂಟೆ!

ಆ ಅವಕಾಶವನ್ನು ತಂದವಳು ಶೋಭಾ. ಗ್ರಂಥಾಲಯ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ. ಬಿಸಿಲಿನಲ್ಲಿ ಎರಡು ಬಸ್ಸು ಬದಲಾಯಿಸಿ ಬಂದು, ಪ್ರಶ್ನಾವಳಿಯ ಒಂದು ಕಟ್ಟನ್ನು ನಮ್ಮ ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟಳು. ಕಾಲೇಜು ಅಧ್ಯಾಪಕರಿಗೆ ಡಿಜಿಟಲ್ ತಂತ್ರಜ್ಞಾನ ಎಷ್ಟು ಸಿಗುತ್ತದೆ, ಸಿಕ್ಕಿದ್ದನ್ನು ಎಷ್ಟು ಬಳಸುತ್ತಾರೆ ಎಂಬುದು ಅವಳ ಸಂಶೋಧನೆಯ ವಿಷಯ. ಪ್ರತಿ ಪ್ರಶ್ನೆಗೂ ಒಂದರಿಂದ ಐದರವರೆಗೆ ಗುರುತು ಹಾಕಬೇಕು. ಒಂದು ಎಂದರೆ ‘ಎಂದೂ ಇಲ್ಲ’, ಐದು ಎಂದರೆ ‘ಯಾವಾಗಲೂ’.

“ನಿಜ ಬರೀರಿ ಸಾರ್, ಸಾಕು” ಎಂದಳು ಶೋಭಾ.

ಇ-ಮೇಲ್ ಬಳಸುತ್ತೀರಾ? ನನ್ನ ಹೆಸರಿನಲ್ಲಿ ಒಂದು ಇ-ಮೇಲ್ ಇತ್ತು. ಯಾವುದೋ ಅರ್ಜಿಗೆ ಬೇಕೆಂದು ಸೈಬರ್ ಸೆಂಟರಿನವನು ತೆರೆದುಕೊಟ್ಟಿದ್ದ. ನಾನು ನೋಡದಿದ್ದರೇನು, ಅದು ಅಲ್ಲಿ ಯಾವಾಗಲೂ ಇರುತ್ತದಲ್ಲ! ಐದು. ಸ್ಲೈಡು ತೋರಿಸಿ ಪಾಠ ಮಾಡುತ್ತೀರಾ? ಮಾಡಬೇಕೆಂಬ ಆಸೆ ಯಾವಾಗಲೂ ಇದೆ. ಐದು. ಇ-ಜರ್ನಲ್ ಓದುತ್ತೀರಾ? ಹಾಗೆಂದರೇನೆಂದೇ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ವಸ್ತುವನ್ನು ಕೀಳಾಗಿ ಕಾಣಬಾರದು. ಐದು!

ಹೀಗೆ ಎಂಟು ಪುಟಗಳಲ್ಲೂ ನಾನು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದೆ. ಅಷ್ಟರಲ್ಲಿ ಸ್ಟಾಫ್ ರೂಮಿನಲ್ಲಿ ಸುದ್ದಿ ಹರಡಿತು.

“ನಾಗಭೂಷಣ ಸಾರ್ ಆಗ್ಲೇ ತುಂಬ್ಬಿಟ್ರಂತೆ, ಕೊಡಿ ಸಾರ್, ಒಂದ್ಸಲ ನೋಡ್ಕೊಡ್ತೀವಿ.”

ನನ್ನ ಪ್ರಶ್ನಾವಳಿ ಮೇಜಿನಿಂದ ಮೇಜಿಗೆ ಹೋಯಿತು. ಪರೀಕ್ಷಾ ಕೊಠಡಿಯಲ್ಲಿ ಕಾಪಿ ಹೊಡೆಯುವವರನ್ನು ವರ್ಷವರ್ಷವೂ ಹಿಡಿಯುವ ಜನ ನನ್ನ ಸಹೋದ್ಯೋಗಿಗಳು. ಯಥಾವತ್ತಾಗಿ ಇಳಿಸಿದರೆ ಸಿಕ್ಕಿಬೀಳುತ್ತೇವೆಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದ್ದರಿಂದ ನಾನು ಐದು ಹಾಕಿದ ಕಡೆ ಅವರು ನಾಲ್ಕು ಹಾಕಿದರು, ಧೈರ್ಯ ಸಾಲದವರು ಮೂರು ಹಾಕಿದರು. ಶೋಭಾ ಎಲ್ಲವನ್ನೂ ಜೋಡಿಸಿಕೊಂಡು, ಕೈಮುಗಿದು ಹೋದಳು.

ಎರಡು ತಿಂಗಳ ಮೇಲೆ ಪ್ರಿನ್ಸಿಪಾಲ್ ಮೇಡಂ ಕರೆಸಿದರು. ಎದುರಿನ ಕುರ್ಚಿಯಲ್ಲಿ ಶೋಭಾ ಕುಳಿತಿದ್ದಳು. ಮೇಡಂ ಮುಖದಲ್ಲಿ ನಾನು ಎಂದೂ ಕಾಣದ ಪ್ರೀತಿ!

“ಏನ್ ಸಾರ್ ನೀವು, ಇಷ್ಟೊಂದು ಗೊತ್ತಿದ್ರೂ ಒಂದಿನಾನೂ ಬಾಯ್ಬಿಡ್ಲಿಲ್ವಲ್ಲ! ಇವರು ಸರ್ವೆ ಮಾಡಿರೋ ಅಷ್ಟೂ ಕಾಲೇಜುಗಳಲ್ಲಿ ನೀವೇ ಫಸ್ಟ್ ಅಂತೆ. ಮುಂದಿನ ಶನಿವಾರ ನಮ್ಮಲ್ಲೇ ಕಾರ್ಯಾಗಾರ ಇಟ್ಕೊಂಡಿದೀನಿ. ಎಂಟು ಕಾಲೇಜಿಂದ ನಲವತ್ತು ಜನ ಲೆಕ್ಚರರ್ಸ್ ಬರ್ತಾರೆ. ನೀವೇ ಕಲಿಸ್ಬೇಕು.”

“ಮೇಡಂ, ನಾನು ಅಂದ್ರೆ...”

“ಈ ವಿನಯ ಎಲ್ಲ ಬೇಡ ಸಾರ್. ಬ್ಯಾನರ್ ಪ್ರಿಂಟಿಗೆ ಕೊಟ್ಟಾಯ್ತು!”

ಬ್ಯಾನರ್ ಪ್ರಿಂಟಿಗೆ ಹೋದ ಮೇಲೆ ಈ ದೇಶದಲ್ಲಿ ಯಾವುದನ್ನೂ ಹಿಂತೆಗೆದುಕೊಳ್ಳಲಾಗದು. ನನಗೆ ನಿಜಕ್ಕೂ ಭಯವಾಯಿತು. ಇಪ್ಪತ್ತೆರಡು ವರ್ಷ ತರಗತಿಯಲ್ಲಿ ತಲೆಯೆತ್ತಿ ನಿಂತವನು ನಾನು. ಈಗ ಎಂಟು ಕಾಲೇಜಿನವರ ಮುಂದೆ ಮರ್ಯಾದೆ ಹೋಗುವುದಕ್ಕೆ ಬಾಕಿ ಉಳಿದದ್ದು ಎಂಟೇ ದಿನ. ದಿನಕ್ಕೊಂದು ಕಾಲೇಜು!

ಅಭ್ಯಾಸ ಮಾಡಿದರಾಯಿತು ಎಂದು ಕಂಪ್ಯೂಟರ್ ಲ್ಯಾಬಿಗೆ ಹೋದೆ. ಅದರ ಬಾಗಿಲು ನಮ್ಮ ಪಾಲಿಗೆ ತೆರೆಯುತ್ತಿದ್ದದ್ದು ತಪಾಸಣಾ ಸಮಿತಿ ಬಂದಾಗ ಮಾತ್ರ. ಒಳಗೆ ಇಪ್ಪತ್ತು ಕಂಪ್ಯೂಟರುಗಳು ಪ್ಲಾಸ್ಟಿಕ್ ಹೊದ್ದು ಮಲಗಿದ್ದವು. ಬೀಗದಕೈ ಇದ್ದದ್ದು ಅಟೆಂಡರ್ ಹನುಮಂತರಾಯಪ್ಪನವರ ಬಳಿ. ಅವರು ಸೋಲದೇವನಹಳ್ಳಿಯವರೇ, ನಿವೃತ್ತಿಗೆ ಮೂರು ವರ್ಷ ಬಾಕಿ ಇದ್ದವರು. ತಮ್ಮ ಹೆಸರನ್ನು ತಾವೇ ‘ಅನ್ಮಂತ್ರಾಯಪ್ಪ’ ಎಂದು ಹೇಳಿಕೊಳ್ಳುವವರು.

“ಕೀ ಕೊಡ್ತೀನಿ ಸಾ, ಯಾಕ್ ಕೊಡಾಕಿಲ್ಲ? ಮೇಡಮ್ಮೋರ ತಾವ ಒಂದು ಚೀಟಿ ಇಸ್ಕೊಂಬನ್ನಿ” ಎಂದರು.

ಚೀಟಿ ಕೇಳಿದರೆ, ಎಂಟು ಕಾಲೇಜಿಗೆ ಫಸ್ಟ್ ಬಂದವನಿಗೆ ಅಭ್ಯಾಸ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಿದೆ.

ಉಳಿದದ್ದು ಒಂದೇ ದಾರಿ. ಅದು ಜಾಲಹಳ್ಳಿಯ ನಮ್ಮ ಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿತ್ತು. ನನ್ನ ಹೆಂಡತಿ ಸರಳಾ ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಕೆಲಸ ಮಾಡುವವಳು. ದಿನವಿಡೀ ಕಂಪ್ಯೂಟರಿನಲ್ಲೇ ನಟ್ಟು ಬೋಲ್ಟುಗಳ ಲೆಕ್ಕ ಇಡುವವಳು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಒಲೆ ಆರಿಸಿ, ಕುಳಿತುಕೊಂಡು ನಕ್ಕಳು. ನಿಂತುಕೊಂಡು ನಗಲು ಆಗುವಂಥದ್ದಲ್ಲ ಅದು.

“ಯಾವಾಗ್ಲೂ ಲ್ಯಾಪ್‌ಟಾಪ್ ಬಳಸ್ತೀನಿ ಅಂತ ಬರ್ದ್ರಾ? ನನ್ ಲ್ಯಾಪ್‌ಟಾಪ್‌ನ ತೊಡೆ ಮೇಲಿಟ್ಕೊಂಡು, ಅದರ ಮೇಲೆ ಟೆಸ್ಟ್ ಪೇಪರ್ ಇಟ್ಟು ತಿದ್ದೋರಲ್ವೇನ್ರೀ ನೀವು?”

“ಅದೂ ಬಳಕೆಯೇ ತಾನೆ?”

“ಹೌದೌದು. ನಿಮಗೆ ನೀವೇ ವ್ಯಾಲ್ಯುಯೇಷನ್ ಮಾಡ್ಕೊಂಡ್ರೆ ಹಿಂಗೇ ಆಗೋದು!”

ನಕ್ಕು ಮುಗಿದ ಮೇಲೆ ಅವಳೇ ಮೂವತ್ತು ಸ್ಲೈಡುಗಳನ್ನು ಮಾಡಿ, ಪೆನ್ ಡ್ರೈವಿಗೆ ಹಾಕಿಕೊಟ್ಟಳು. ಪ್ರತಿ ಸ್ಲೈಡಿಗೆ ನಾನು ಹೇಳಬೇಕಾದ ಮಾತನ್ನು ಹಾಳೆಯಲ್ಲಿ ಬರೆದು ಬಾಯಿಪಾಠ ಮಾಡಿಸಿದಳು. ಎಂಟು ದಿನ ಊಟದ ಮೇಜಿನ ಮುಂದೆ ಕುಳಿತು ನಾನು ಎಂಟರ್ ಒತ್ತುವುದನ್ನು ಕಲಿತೆ. ಶನಿವಾರ ಬೆಳಿಗ್ಗೆ ಹೊರಡುವಾಗ ಅವಳು ಕೊಟ್ಟ ಉಪದೇಶ ಒಂದೇ. “ಎಂಟರ್ ಒಂದ್ ಬಿಟ್ಟು ಇನ್ನೇನೂ ಮುಟ್ಬೇಡಿ. ದಮ್ಮಯ್ಯ ಅಂತೀನಿ.”

ಕಾರ್ಯಾಗಾರಕ್ಕೆ ನಲವತ್ತು ಅಧ್ಯಾಪಕರು ಚಪ್ಪಲಿಯನ್ನು ಹೊರಗೆ ಬಿಟ್ಟು, ಲ್ಯಾಬಿನೊಳಗೆ ಭಯಭಕ್ತಿಯಿಂದ ಕುಳಿತಿದ್ದರು. ಬ್ಯಾನರಿನ ಮೇಲೆ ನನ್ನ ಹೆಸರು ಕಾಲೇಜಿನ ಹೆಸರಿಗಿಂತ ದೊಡ್ಡದಾಗಿತ್ತು. ಮೊದಲ ಸಾಲಿನಲ್ಲಿ ಮೇಡಂ, ಪಕ್ಕದಲ್ಲಿ ಮುಖ್ಯ ಅತಿಥಿಯಾಗಿ ಶೋಭಾ.

ಪೆನ್ ಡ್ರೈವ್ ಹಾಕಲು ಹೋದೆ. ಹಾಕುವ ಕಿಂಡಿಯೇ ಇಲ್ಲ! ವೈರಸ್ ಬರಬಾರದೆಂದು ಮೇಡಂ ಅಪ್ಪಣೆಯಂತೆ ಎಲ್ಲ ಕಿಂಡಿಗಳಿಗೂ ಗಾಯಕ್ಕೆ ಹಾಕುವ ಪ್ಲಾಸ್ಟರ್ ಅಂಟಿಸಿದ್ದರು. ಉಗುರಿನಿಂದ ಕಿತ್ತು ಪೆನ್ ಡ್ರೈವ್ ತುರುಕಿದೆ. ಹೋಗಲಿಲ್ಲ. ಇನ್ನೂ ಬಲವಾಗಿ ತುರುಕಿದೆ. ಬಾಗಿಲಲ್ಲಿ ಟೀ ಕ್ಯಾನ್ ಹಿಡಿದು ನಿಂತಿದ್ದ ಹನುಮಂತರಾಯಪ್ಪನವರು ಮೆಲ್ಲಗೆ, “ಮಗ್ಗುಲು ತಿರುಗಿಸಿ ಹಾಕಿ ಸಾ” ಎಂದರು. ಗೊತ್ತಿದ್ದೂ ತಡ ಮಾಡಿದವನಂತೆ ತಲೆಯಾಡಿಸಿ, ತಿರುಗಿಸಿ ಹಾಕಿದೆ. ಪರದೆಯ ಮೇಲೆ ಸರಳಾಳ ಮೊದಲ ಸ್ಲೈಡು ಬೆಳಗಿತು. “ತಂತ್ರಜ್ಞಾನ: ಭಯ ಬೇಡ.”

ಎಂಟರ್. ಎರಡನೆಯ ಸ್ಲೈಡು. ಎಂಟರ್. ಮೂರನೆಯದು. ಮಾತು ನೀರು ಕುಡಿದಷ್ಟು ಸಲೀಸಾಗಿ ಬಂತು. ಮೇಡಂ ಶೋಭಾಳ ಕಡೆ ತಿರುಗಿ ಹೆಮ್ಮೆಯಿಂದ ನಕ್ಕರು. ಹೊಗಳಿಕೆ ಕಂಡರೆ ನನಗೆ ಕೈಕಾಲು ನಿಲ್ಲುವುದಿಲ್ಲ. ತರಗತಿಯ ಅಭ್ಯಾಸದಂತೆ ಹಾಜರಿ ಪುಸ್ತಕವನ್ನು ಎದುರಿಗಿದ್ದ ಕೀಬೋರ್ಡಿನ ಮೇಲಿಟ್ಟು, ಅದು ಜಾರದಿರಲೆಂದು ಅಂಗೈ ಊರಿ ನಿಂತೆ.

ಪರದೆ ತಲೆಕೆಳಗಾಯಿತು.

ನಲವತ್ತು ಅಧ್ಯಾಪಕರು ಒಟ್ಟಿಗೆ ಕತ್ತು ವಾಲಿಸಿದರು. ನಾನು ಎಂಟರ್ ಒತ್ತಿದೆ. ನಾಲ್ಕನೆಯ ಸ್ಲೈಡು ಬಂತು, ಅದೂ ಶೀರ್ಷಾಸನದಲ್ಲಿ! ಮತ್ತೆ ಒತ್ತಿದೆ. ಐದನೆಯದೂ ಅಷ್ಟೆ. ನನಗೆ ಬರುತ್ತಿದ್ದದ್ದು ಎಂಟರ್ ಒಂದೇ, ಅದು ಕೈಕೊಟ್ಟ ಮೇಲೆ ನನ್ನ ಡಿಜಿಟಲ್ ಜ್ಞಾನ ಸಂಪೂರ್ಣವಾಗಿ ಮುಗಿದಿತ್ತು. ಮೇಡಂ ನಗು ಅರ್ಧಕ್ಕೆ ನಿಂತಿತು.

ಆದರೆ ನಾನೂ ಇಪ್ಪತ್ತೆರಡು ವರ್ಷ ಮೇಷ್ಟ್ರಾಗಿದ್ದವನು. ಉತ್ತರ ಗೊತ್ತಿಲ್ಲದಾಗ ಅದನ್ನೇ ಪ್ರಶ್ನೆಯಾಗಿ ತರಗತಿಗೆ ಎಸೆಯುವುದು ನಮ್ಮ ಕುಲವಿದ್ಯೆ. ಕನ್ನಡಕ ಸರಿಪಡಿಸಿಕೊಂಡು, ಗಂಭೀರವಾಗಿ ಹೇಳಿದೆ.

“ಎಲ್ಲರೂ ಗಮನಿಸಿದಿರಾ? ಇದನ್ನು ನಾನು ಬೇಕೆಂದೇ ತಲೆಕೆಳಗೆ ಮಾಡಿದ್ದೇನೆ. ಈಗ ಸರಿ ಮಾಡುವುದು ಹೇಗೆ? ಯಾರು ಹೇಳ್ತೀರಿ?”

ಇಬ್ಬರು ತಲೆ ತಗ್ಗಿಸಿ ನೋಟ್ಸ್ ಬರೆಯತೊಡಗಿದರು. ಒಬ್ಬರು ಬೀಳದ ಪೆನ್ನನ್ನು ಮೇಜಿನ ಕೆಳಗೆ ಹುಡುಕಿದರು. ಹಿಂದಿನ ಸಾಲಿನ ಅಧ್ಯಾಪಕಿಯೊಬ್ಬರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ನಮ್ಮ ಹುಡುಗರು ಮಾಡುವುದನ್ನೆಲ್ಲ ಚಾಚೂ ತಪ್ಪದೆ ಮಾಡಿದರು! ನನಗೆ ಧೈರ್ಯ ಬಂತು. ಎರಡನೆಯ ಸಾಲಿನಲ್ಲಿದ್ದ ದಪ್ಪ ಮೀಸೆಯವರಿಗೆ ಬೆರಳು ತೋರಿಸಿದೆ. ಅವರು ವಿಜಯಪುರದ ಕಡೆಯವರಾದ ಕಲ್ಲಪ್ಪ ಮಾಸ್ತರರು. ಎದ್ದು ನಿಂತರು.

“ಏನ್ ಸುಳ್ಳ್ ಹೇಳೂದ್ರೀ ಸರ, ನನಗ ಇದನ್ನ ಚಾಲೂ ಮಾಡಾಕೂ ಬರಂಗಿಲ್ಲ. ಈ ತಂಗಿ ಕೊಟ್ಟ ಫಾರ್ಮಿನ್ಯಾಗ ಮಾತ್ರ ಎಲ್ಲಾ ನಾಕು, ನಾಕು ಅಂತ ಬರದೇನಿ.”

ಆ ಮನುಷ್ಯನ ಮುಖ ನೋಡಿದೆ. ಅಲ್ಲಿ ನಾಚಿಕೆ ಇರಲಿಲ್ಲ, ನಿರಾಳ ಇತ್ತು. ನನಗೆ ಹೊಟ್ಟೆಕಿಚ್ಚಾಯಿತು. ಎಂಟು ದಿನದಿಂದ ಎದೆಯ ಮೇಲೆ ಕೂತಿದ್ದ ಭಾರವನ್ನು ಅವರು ಎರಡು ವಾಕ್ಯದಲ್ಲಿ ಇಳಿಸಿಬಿಟ್ಟಿದ್ದರು.

“ಕಲ್ಲಪ್ಪನವರೇ, ಕೂತ್ಕೊಳ್ಳಿ” ಎಂದೆ. “ನನಗೂ ಬರಲ್ಲ. ಇದು ತಲೆಕೆಳಗಾದದ್ದು ಹೇಗೆ ಅಂತಾನೂ ಗೊತ್ತಿಲ್ಲ. ಸ್ಲೈಡ್ ಮಾಡಿದ್ದು ನನ್ನ ಹೆಂಡತಿ. ನಾನು ಫಾರ್ಮಿನಲ್ಲಿ ಐದು ಹಾಕಿದ್ದೆ!”

ಲ್ಯಾಬಿನಲ್ಲಿ ಎದ್ದ ನಗು ಹೆಸರಘಟ್ಟ ರಸ್ತೆಗೂ ಕೇಳಿಸಿರಬೇಕು. “ನಂದೂ ಸುಳ್ಳೇ ಸಾರ್!” “ನಾನು ನಿಮ್ದೇ ನೋಡಿ ಬರ್ದಿದ್ದು!” ಎಂದು ತಪ್ಪೊಪ್ಪಿಗೆಯ ಮಳೆಯೇ ಸುರಿಯಿತು. ಮೇಡಂ ಮಾತ್ರ ನಗಲಿಲ್ಲ.

ಆಗ ಟೀ ಕ್ಯಾನನ್ನು ಕೆಳಗಿಟ್ಟು ಹನುಮಂತರಾಯಪ್ಪನವರು ಒಳಗೆ ಬಂದರು. “ಒಸಿ ಜರುಗಿ ಸಾ” ಎಂದು ನನ್ನನ್ನು ಪಕ್ಕಕ್ಕೆ ಸರಿಸಿ, ಕಂಟ್ರೋಲ್, ಆಲ್ಟ್ ಎರಡನ್ನೂ ಅದುಮಿ, ಮೇಲ್ಮುಖದ ಬಾಣ ಒತ್ತಿದರು. ಪರದೆ ನೆಟ್ಟಗಾಯಿತು. ಚಪ್ಪಾಳೆಯೋ ಚಪ್ಪಾಳೆ!

“ನಿಮಗೆ ಹೇಗೆ ಗೊತ್ತು?” ಎಂದರು ಮೇಡಂ.

“ದಿನಾ ಬಟ್ಟೆ ಆಕಿ ಒರೆಸ್ತೀನಲ್ಲ ಮೇಡಮ್ಮೋರೆ, ಒಂದೊಂದ್ ದಪ ಇಂಗೇ ಉಲ್ಟಾ ಒಡೀತದೆ. ಮೊದಲ್ನೇ ಸಲ ಎದ್ರಿಕೊಂಡೆ. ರಿಪೇರಿಯೋರು ಬಂದಾಗ ಕೇಳಿ ಕಲ್ತ್ಕೊಂಡೆ. ಆಮೇಲೆ ಸಂಜೆ ಒತ್ತು ಒಂದೊಂದೇ ಒತ್ತಿ ನೋಡ್ದೆ. ಈಗ ನಮ್ಮೂರ್ನೋರ ಜಮೀನಿನ ಪಾಣಿ ಎಲ್ಲಾ ನಾನೇ ಇಲ್ಲೇ ತೆಗ್ದು ನೋಡ್ಕೊಡ್ತೀನಿ.”

“ಇಲ್ಲೇನಾ? ಚೀಟಿ ಯಾರು ಕೊಟ್ರು?”

“ಕೀ ನನ್ ತಾವೇ ಇರ್ತದಲ್ಲ ಮೇಡಮ್ಮೋರೆ!”

ಈ ಸಲ ಮೇಡಂಗೂ ನಗು ತಡೆಯಲಾಗಲಿಲ್ಲ. ಅಲ್ಲಿಗೆ ನನ್ನ ಮರ್ಯಾದೆ ಉಳಿಯಿತೋ ಹೋಯಿತೋ ಎಂದು ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಕಂಪ್ಯೂಟರುಗಳ ಪ್ಲಾಸ್ಟಿಕ್ ಹೊದಿಕೆಗಳೆಲ್ಲ ಹಾರಿಹೋದವು. ಹನುಮಂತರಾಯಪ್ಪನವರು ಸಾಲಿನಿಂದ ಸಾಲಿಗೆ ನಡೆಯುತ್ತಾ, “ಇಲೀನ ಅಂಗ್ ಕುತ್ತಿಗೆ ಇಸುಕ್ಬ್ಯಾಡಿ ಮೇಷ್ಟ್ರೆ, ಮೆತ್ತಗೆ” ಎಂದು ಕಲಿಸಿದರು. ಮಧ್ಯಾಹ್ನದ ಊಟ ಆರಿಹೋದರೂ ಒಬ್ಬರೂ ಏಳಲಿಲ್ಲ. ಸಂಜೆಯ ಹೊತ್ತಿಗೆ ನಲವತ್ತು ಜನರೂ ಒಬ್ಬರಿಗೊಬ್ಬರು ಇ-ಮೇಲ್ ಕಳಿಸಿ, ಎರಡು ಅಡಿ ದೂರದಿಂದಲೇ “ಬಂತಾ? ಬಂತಾ?” ಎಂದು ಕೂಗುತ್ತಿದ್ದರು. ಕಲ್ಲಪ್ಪ ಮಾಸ್ತರರ ಕಣ್ಣಲ್ಲಿ ನೀರೇ ಬಂತು. ನಾನೂ ಜೀವಮಾನದ ಮೊದಲ ಇ-ಮೇಲನ್ನು ಸರಳಾಳಿಗೆ ಕಳಿಸಿದೆ. “ಗೆದ್ದೆ!” ಅವಳ ಉತ್ತರ ಐದು ನಿಮಿಷದಲ್ಲಿ ಬಂತು. “ಯಾರ್ ಟೈಪ್ ಮಾಡ್ಕೊಟ್ರು?”

ಶೋಭಾಳ ಸಂಶೋಧನೆ ಹಾಳಾಯಿತೆಂದು ನಾನು ಕೈಕೈ ಹಿಸುಕಿಕೊಂಡು ಕ್ಷಮೆ ಕೇಳಿದೆ. ಅವಳು ಖುಷಿಯಲ್ಲಿದ್ದಳು. “ಅಯ್ಯೋ ಬಿಡಿ ಸಾರ್. ಎಲ್ಲರೂ ಎಲ್ಲಾನೂ ಬಳಸ್ತಾರೆ ಅಂದ್ರೆ ಸಮಸ್ಯೆನೇ ಇಲ್ಲ, ಸಮಸ್ಯೆ ಇಲ್ದೆ ಪಿಎಚ್.ಡಿ. ಎಲ್ಲಿ ಅಂತ ನಮ್ ಗೈಡ್ ಬೈತಿದ್ರು. ಈಗ ಬೇಕಾದಷ್ಟು ಸಮಸ್ಯೆ ಸಿಕ್ತು!” ಎಂದು ಹೊಸ ಪ್ರಶ್ನಾವಳಿ ಹಂಚಿದಳು. ನಾವೆಲ್ಲ ನಿಜವನ್ನೇ ಬರೆದೆವು. ಮರುದಿನದಿಂದ ಲ್ಯಾಬಿನ ಬೀಗದಕೈ ಸ್ಟಾಫ್ ರೂಮಿನ ಮೊಳೆಗೆ ಬಂತು, ಚೀಟಿಯ ನಿಯಮ ರದ್ದಾಯಿತು.

ಇಷ್ಟೆಲ್ಲ ಆದದ್ದು ನಾನು ಧೈರ್ಯವಾಗಿ ಐದು ಹಾಕಿದ್ದರಿಂದ ಎಂದು ನಾನು ಎದೆಯುಬ್ಬಿಸಿಕೊಂಡು ತಿರುಗಿದೆ. ತಿಂಗಳೊಳಗೆ ಮಾಕಳಿ ಕಡೆಯ ಒಂದು ಕಾಲೇಜಿನಿಂದ ಕಾಗದ ಬಂತು. ನಿಮ್ಮ ಕಾರ್ಯಾಗಾರದಲ್ಲಿ ಅಷ್ಟು ಚೆನ್ನಾಗಿ ಕಲಿಸಿದವರನ್ನು ನಮ್ಮಲ್ಲಿಗೂ ಕಳಿಸಿಕೊಡಿ ಎಂದು ಬರೆದಿದ್ದರು. ಬ್ಯಾನರಿನಲ್ಲಿದ್ದದ್ದು ನನ್ನ ಹೆಸರು ತಾನೆ! ಸರಳಾ ಇಸ್ತ್ರಿ ಮಾಡಿಕೊಟ್ಟ ಅಂಗಿ ತೊಟ್ಟು, ಸಹಾಯಕ್ಕಿರಲಿ ಎಂದು ಹನುಮಂತರಾಯಪ್ಪನವರನ್ನೂ ಕರೆದುಕೊಂಡು ಹೊರಟೆ.

ಗೇಟಿನಲ್ಲಿ ಅಲ್ಲಿನ ಪ್ರಿನ್ಸಿಪಾಲರು ಹಾರ ಹಿಡಿದು ನಿಂತಿದ್ದರು. ನಾನು ವಿನಯದಿಂದ ಕತ್ತು ಬಗ್ಗಿಸಿದೆ. ಹಾರ ನನ್ನ ಕಿವಿಯ ಪಕ್ಕದಲ್ಲೇ ದಾಟಿ, ಹಿಂದಿದ್ದ ಹನುಮಂತರಾಯಪ್ಪನವರ ಕೊರಳಿಗೆ ಬಿತ್ತು.

“ಬನ್ನಿ ಸಾರ್, ಬನ್ನಿ. ನಮ್ಮ ಲೆಕ್ಚರರ್ಸ್ ನಿಮ್ಮ ಫೋಟೋ ತೋರ್ಸಿದ್ರು, ನಿಮ್ಮ ಬಗ್ಗೆ ತುಂಬಾ ಕೇಳಿದೀವಿ” ಎಂದವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಇವರು ಯಾರು?”

ಹನುಮಂತರಾಯಪ್ಪನವರು ಹಾರ ಸರಿಪಡಿಸಿಕೊಂಡು, ನನ್ನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು.

“ಇವ್ರಾ? ನಮ್ ಕಾಲೇಜ್ ಮೇಷ್ಟ್ರು. ಒಸಿ ನಿಧಾನ, ಆದ್ರೂ ಕಲೀತಾರೆ.”