ನಾಲ್ಕನೇ ಹೆಗಲು

ಕಾಶಿ ಸತ್ತನೆಂದು ಕೇಳಿದಾಗ ಬೊಮ್ಮಯ್ಯನಿಗೆ ಮೊದಲು ದುಃಖವೇ ಆಯಿತು. ಲೆಕ್ಕ ಹೊಳೆದದ್ದು ಆಮೇಲೆ, ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ. ಮಾಸ್ತಿ ಒಬ್ಬ, ಕುಪ್ಪ ಇಬ್ಬರು, ಸುಬ್ಬ ಮೂವರು. ಬೆರಳು ಮಡಚಿ ಮತ್ತೆ ಎಣಿಸಿದ. ಮೂರೇ. ಬಿಣಗಾ ಸ್ಪೋರ್ಟಿಂಗ್ ಫುಟ್ಬಾಲ್ ಕ್ಲಬ್ಬಿನ ದೊಡ್ಡ ಟೀಮಿನಲ್ಲಿ ಬೂಟು ಕಟ್ಟಿ ಆಡಿದವರ ಪೈಕಿ ತನ್ನನ್ನು ಬಿಟ್ಟು ಉಸಿರಾಡುತ್ತಿದ್ದವರು ಅಷ್ಟೇ. ಚಟ್ಟಕ್ಕೆ ಬೇಕಾದದ್ದು ನಾಲ್ಕು ಹೆಗಲು.

“ಇವತ್ತು ಬಿಟ್ರೆ ಇಲ್ಲ” ಎಂದು ಅವನು ಕನ್ನಡಿಗೆ ಹೇಳಿದ.

ಕ್ಲಬ್ಬಿನಲ್ಲಿ ಒಂದು ಪದ್ಧತಿಯಿತ್ತು. ಆಟಗಾರ ಸತ್ತರೆ ಅವನ ಮೈಮೇಲೆ ಕ್ಲಬ್ಬಿನ ಕೆಂಪು ಅಂಗಿ ಹೊದಿಸಬೇಕು, ಅದೇ ಕ್ಲಬ್ಬಿನ ನಾಲ್ವರು ಆಟಗಾರರೇ ಹೆಗಲು ಕೊಟ್ಟು ಕಡಲತೀರದ ಸುಡುಗಾಡಿಗೆ ಒಯ್ಯಬೇಕು. ಹೊಸ ಹೆಗಲುಗಳು ಹುಟ್ಟುವುದು ನಿಂತು ಇಪ್ಪತ್ತು ವರ್ಷವಾಗಿತ್ತು. ಊರಿನ ಮಕ್ಕಳೆಲ್ಲ ಕ್ರಿಕೆಟ್ಟಿಗೆ ಹೋಗಿದ್ದರು. ಉಳಿದವರು ಒಬ್ಬರನ್ನೊಬ್ಬರು ಹೊತ್ತು ಖರ್ಚಾಗುತ್ತ ಬಂದಿದ್ದರು.

ಬೊಮ್ಮಯ್ಯನೂ ಬಿಣಗಾಕ್ಕೆ ಆಡಿದವನೇ. ಮೂವತ್ತನಾಲ್ಕು ವರ್ಷದಿಂದ ಇಲ್ಲೇ ಮನೆ, ಇಲ್ಲಿಯದೇ ಹೆಂಡತಿ, ಇಲ್ಲಿಯದೇ ರೇಶನ್ ಕಾರ್ಡು. ಆದರೆ ಹುಟ್ಟಿದ್ದು ಅಂಕೋಲೆಯಲ್ಲಿ. ತೊಂಬತ್ತೊಂದರಲ್ಲಿ ಬಿಣಗಾದವರು ತಮ್ಮ ಕಾಶಿಯನ್ನು ಅಂಕೋಲೆ ಯೂನಿಯನ್ನಿಗೆ ಕೊಟ್ಟು, ಬದಲಿಗೆ ಈ ಬೊಮ್ಮಯ್ಯನನ್ನೂ ಒಂದು ಹೊಸ ಚರ್ಮದ ಚೆಂಡನ್ನೂ ಒಂದು ಬುಟ್ಟಿ ಕರಿ ಈಶಾಡು ಮಾವಿನಹಣ್ಣನ್ನೂ ತಂದಿದ್ದರು. ಎತ್ತರದ ಆಳು, ತಲೆಯಲ್ಲಿ ಚೆನ್ನಾಗಿ ಹೊಡೆಯುತ್ತಾನೆ ಎಂದು ಸುದ್ದಿಯಿತ್ತು. ಸುದ್ದಿ ಸುಳ್ಳಲ್ಲ. ಮೊದಲ ಮ್ಯಾಚು ಅಂಕೋಲೆಯ ಮೇಲೆಯೇ ಬಿತ್ತು. ಕೊನೆಯ ನಿಮಿಷದಲ್ಲಿ ಬೊಮ್ಮಯ್ಯ ಎಲ್ಲರಿಗಿಂತ ಎತ್ತರಕ್ಕೆ ಹಾರಿ, ತಲೆಯಲ್ಲಿ ಚೆಂಡನ್ನು ಗುಂಡಿನಂತೆ ಹೊಡೆದು ಗೋಲು ಮಾಡಿದ. ಚೆಂಡು ಹೊಕ್ಕದ್ದು ಬಿಣಗಾದ ಗೋಲಿಗೇ.

ಅಂದಿನಿಂದ ಅವನ ಹೆಸರು ‘ಬದಲಿ’. ಆಟಗಾರರು ಸತ್ತಾಗಲೆಲ್ಲ ಹೆಗಲು ಮುಂದೆ ಮಾಡಿ ಹೋಗುತ್ತಿದ್ದ. ಮಾಸ್ತಿ ಪ್ರತಿ ಸಲ “ನೀ ಮುಂದೆ ಹೋಗಿ ದನ ಓಡ್ಸು” ಎನ್ನುತ್ತಿದ್ದ. ಏಳು ಹೆಣದ ಮುಂದೆ ದನ ಓಡಿಸಿದ ಬೊಮ್ಮಯ್ಯನಿಗೆ ಒಳಗೊಳಗೇ ಒಂದು ಹೆದರಿಕೆ ಬೆಳೆದಿತ್ತು. ಹೆಗಲು ಕೊಡದವನಿಗೆ ನಾಳೆ ಹೆಗಲು ಕೊಡುವವರು ಯಾರು? ಇಂದು ಒಮ್ಮೆ ಕಾಶಿಯನ್ನು ಹೊತ್ತುಬಿಟ್ಟರೆ ತಾನು ಬಿಣಗಾದವನಾದಂತೆ. ಆಮೇಲೆ ನೆಮ್ಮದಿಯಿಂದ ಸಾಯಬಹುದು.

ಅವನು ಹೋಗುವಷ್ಟರಲ್ಲಿ ಕಾಶಿಯ ಮನೆಯಂಗಳ ತುಂಬಿತ್ತು. ಕ್ಲಬ್ಬಿನ ಅಧ್ಯಕ್ಷ ಮಾಸ್ತಿ ಸತ್ತವನಿಗಿಂತ ಗಂಭೀರವಾಗಿ ಕುರ್ಚಿಯಲ್ಲಿ ಕೂತಿದ್ದ.

“ಮಾಸ್ತಿಣ್ಣ, ನಾಲ್ಕನೇಯವ...”

“ಗೊತ್ತದೆ. ಬೇರೆ ಗತಿಯಿಲ್ಲ. ನೀನೇ” ಎಂದ ಮಾಸ್ತಿ, ಕಹಿ ಕಷಾಯ ನುಂಗಿದವನಂತೆ. “ಆದ್ರೆ ಮಗ ವಿಕಾಸ ಗೋವೆಯಿಂದ ಬರೂಕೆ ಮಧ್ಯಾಹ್ನ ಆಗ್ತದೆ. ಈ ಸೆಕೆಗೆ ಕಾಶಿ ತಡಿಯೂದಿಲ್ಲ. ಬೈತಖೋಲಕ್ಕೆ ಹೋಗಿ ಬರ್ಫ ತಕಂಬಾ.”

ನೀನೇ ಎಂದದ್ದೊಂದೇ ಸಾಕಾಯಿತು. ಬೊಮ್ಮಯ್ಯ ಅರವತ್ತಾರರ ಮೊಣಕಾಲು ಮರೆತು ಓಡಿದ.

ಬೈತಖೋಲ ಬಂದರಿನಲ್ಲಿ ಸಿಕ್ಕಿದ್ದು ಮೀನಿಗೆ ಹಾಕುವ ಬರ್ಫ, ಪುಡಿ ಮಾಡಿದ ಮಂಜುಗಡ್ಡೆ. ಅರ್ಧ ದಾರಿಯಲ್ಲಿ ರಿಕ್ಷಾದವನಿಗೆ ಅದು ಯಾವುದಕ್ಕೆಂದು ತಿಳಿಯಿತು. “ಬಂಗಡೆಗಾದ್ರೆ ಸೈ, ಹೆಣಕ್ಕಾದ್ರೆ ನನ್ನ ಗಾಡಿ ಶುದ್ಧ ಮಾಡುವವ್ರು ಯಾರು?” ಎಂದು ಅವನು ಹೆದ್ದಾರಿಯ ಬದಿಗೆ ಇಳಿಸಿ ಹೋದ. ಉಳಿದ ದಾರಿಯನ್ನು ಬೊಮ್ಮಯ್ಯ ಎರಡು ಚೀಲ ಬರ್ಫವನ್ನು ಅದೇ ಹೆಗಲ ಮೇಲೆ ಹೊತ್ತು ನಡೆದ. ಮನೆ ಮುಟ್ಟುವಾಗ ಲುಂಗಿ ಒದ್ದೆಯಾಗಿತ್ತು, ಹೆಗಲು ಸೆಟೆದಿತ್ತು, ಹಿಂದೆ ಆರು ಬೆಕ್ಕುಗಳು ಮೆರವಣಿಗೆಯಲ್ಲಿ ಬರುತ್ತಿದ್ದವು.

ಒಳಗೆ ಹೆಣದ ಸುತ್ತ ಹಳೆಯ ಮ್ಯಾಚುಗಳು ಶುರುವಾಗಿದ್ದವು.

“ಎಂಬತ್ತೊಂಬತ್ತರ ಫೈನಲ್ಲು” ಎನ್ನುತ್ತಿದ್ದ ಸುಬ್ಬ. ಒಂದು ಕಾಲದ ಗೋಲ್ ಕೀಪರ್ ಅವನು. ಈಗ ಕೈಗೆ ಕೊಟ್ಟ ಚಹಾ ಲೋಟವೂ ಜಾರುತ್ತಿತ್ತು. “ಕಾರ್ನರ್ ಕಿಕ್ಕು ಸಿಕ್ತು. ಸಮುದ್ರದ ಬದಿಯಿಂದ ಜೋರು ಗಾಳಿ. ಕಾಶಿ ಎಂತ ಮಾಡ್ದ? ಚೆಂಡಿನ ಎದ್ರು ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ದ!”

“ಮ್ಯಾಚಿನ ಮಧ್ಯ?” ಎಂದು ಯಾರೋ ಕೇಳಿದರು.

“ಹೊಗೆ ಯಾವ ಬದಿಗೆ ಹೋಗ್ತದೆ ನೋಡೂಕೆ ರೇ! ಹೊಗೆ ನೋಡ್ದ. ಬೀಡಿ ರೆಫರಿ ಕೈಗೆ ಕೊಟ್ಟ. ಹೊಡ್ದ. ಹೊಗೆ ಹೋದ ದಾರಿಯಲ್ಲೇ ಚೆಂಡು ತಿರುಗಿ ಗೋಲಿನ ಒಳಗೆ! ರೆಫರಿ ಸೀಟಿ ಊದೂಕೆ ಹೋಗಿ ಬೀಡಿ ಎಳ್ದ. ಆ ಎಡಗಾಲಿಗೆ ಕೈಮುಗೀಬೇಕು.”

“ಬಲಗಾಲು” ಎಂದ ಕುಪ್ಪ.

“ಎಡ.”

“ಬಲಾ! ನಾ ಅಲ್ಲೇ ಇದ್ದೆ. ಹೊಡ್ದ ಹೊಡ್ತಕ್ಕೆ ಹೆಬ್ಬೆರಳೇ ಸೊಟ್ಟ ಆದದ್ದು. ಬೇಕಾದ್ರೆ ನೋಡು” ಎಂದು ಕುಪ್ಪ ಹೆಣದ ಮೇಲಿನ ಬಟ್ಟೆ ಸರಿಸಿ ಪಾದ ತೋರಿಸಿದ. ಸುಬ್ಬ ಇನ್ನೊಂದು ಪಾದ ಹಿಡಿದ. ಇಬ್ಬರೂ ಎರಡು ಹೆಬ್ಬೆರಳನ್ನು ಒತ್ತಿ, ಎಳೆದು, ಬೆಳಕಿಗೆ ತಿರುಗಿಸಿ ಪರೀಕ್ಷಿಸತೊಡಗಿದರು.

ಮೂಲೆಯಲ್ಲಿ ಕಾಶಿಯ ಹೆಂಡತಿಯ ಅಳು ಥಟ್ಟನೆ ನಿಂತಿತು. “ಮೂವತ್ತು ವರ್ಷ ಆ ಕಾಲಿಗೆ ಎಣ್ಣೆ ತಿಕ್ಕಿದವಳು ನಾನು. ಎರಡೂ ಸೊಟ್ಟವೇ. ಮುಚ್ರೋ!”

ಮುಚ್ಚಿದರು. ಆದರೆ ಮಾತು ಮುಚ್ಚಲಿಲ್ಲ, ಬದಲಿ ವ್ಯವಹಾರದ ಕಡೆ ಹೊರಳಿತು. ಪಕ್ಕದ ಚೆಂಡಿಯಾ ಊರಿನವರಿಗೆ ಕುಂಟ ಬ್ಯಾಕ್ ಆಟಗಾರನನ್ನು ಕೊಟ್ಟು ಮೂರು ಜೊತೆ ಬೂಟು ತಂದದ್ದು ಬಿಣಗಾದ ಅತಿ ದೊಡ್ಡ ಬದಲಿ ಎಂದು ಎಲ್ಲರೂ ಒಪ್ಪಿದರು.

“ಮತ್ತೆ ಅತಿ ಕೆಟ್ಟದ್ದು?” ಎಂದ ಕುಪ್ಪ.

ಎಲ್ಲರೂ ಹೆಣದ ಬದಿಗೆ ಬರ್ಫ ಸುರಿಯುತ್ತಿದ್ದ ಬೊಮ್ಮಯ್ಯನನ್ನು ನೋಡಿದರು.

“ಹಣ್ಣು ಮಾತ್ರ ಚಲೋ ಇತ್ತು” ಎಂದ ಸುಬ್ಬ, ನ್ಯಾಯವಾಗಿ.

ವಿಕಾಸ ಬಂದು ಅಪ್ಪನ ಕಾಲು ಹಿಡಿದು ಅತ್ತ. ಸ್ನಾನ ಮಾಡಿಸಿದ್ದಾಯಿತು, ಚಟ್ಟ ಕಟ್ಟಿದ್ದಾಯಿತು. ಮಾಸ್ತಿ ಕೆಂಪು ಅಂಗಿಯ ಮಡಿಕೆ ಬಿಚ್ಚುವುದಕ್ಕೂ ಅಂಗಳದಲ್ಲಿ ಒಂದು ಟೆಂಪೊ ನಿಲ್ಲುವುದಕ್ಕೂ ಸರಿಹೋಯಿತು. ಟೆಂಪೊದಿಂದ ಹದಿನೈದು ಜನ ಇಳಿದರು. ಮುಂದೆ ಅಂಕೋಲೆ ಯೂನಿಯನ್ನಿನ ಹಳೆಯ ಕ್ಯಾಪ್ಟನ್ ಪರಮೇಶ್ವರ. ಕೈಯಲ್ಲಿ ಹಳದಿ ಅಂಗಿ.

“ಆ ಕೆಂಪು ಅಂಗಿ ಒಳಗಿಡಿ ಮಾಸ್ತಿಣ್ಣ” ಎಂದ ಪರಮೇಶ್ವರ. “ಕಾಶಿ ನಮ್ಮ ಆಟಗಾರ. ನೀವೇ ಕೊಟ್ಟದ್ದು. ನಮ್ಗೆ ನಾಲ್ಕು ಕಪ್ಪು ಗೆದ್ದುಕೊಟ್ಟ. ನಮ್ಮಲ್ಲೂ ಇದೇ ಪದ್ಧತಿ. ಅಂಗಿ ನಮ್ದು, ಹೆಗಲೂ ನಮ್ದೇ.”

“ಹುಟ್ಟಿದ್ದು ಇಲ್ಲಿ, ಸತ್ತದ್ದು ಇಲ್ಲಿ!”

“ಮಧ್ಯ ಆಡಿದ್ದು ಎಲ್ಲಿ?”

ಅಂಗಳ ಎರಡಾಯಿತು. ಒಂದು ಕಡೆಯವರು ಹೆಣದ ಮೇಲೆ ಕೆಂಪು ಹೊದಿಸಿದರು, ಇನ್ನೊಂದು ಕಡೆಯವರು ಅದರ ಮೇಲೆ ಹಳದಿ ಹೊದಿಸಿದರು. ಕೆಂಪು ಮತ್ತೆ ಮೇಲೆ ಬಂತು. ಹಳದಿ ಮತ್ತೆ ಬಂತು. ಬದುಕಿರುವಾಗ ಎರಡೇ ಅಂಗಿಯಲ್ಲಿ ಕಾಲ ಕಳೆದ ಕಾಶಿ ಅರ್ಧ ಗಂಟೆಯಲ್ಲಿ ಹನ್ನೊಂದು ಸಲ ಅಂಗಿ ಬದಲಾಯಿಸಿದ. ಶಾಲೆಯವರೆಗೆ ಕೆಂಪು, ಅಲ್ಲಿಂದ ಸುಡುಗಾಡಿನವರೆಗೆ ಹಳದಿ, ಶಾಲೆಯ ಎದುರು ಹಾಫ್ ಟೈಮ್ ಎಂದು ಒಬ್ಬರು ದಾರಿ ತೋರಿಸಿದರು. ಹಾಗಾದರೆ ಚಿತೆಗೆ ಹೋಗುವಾಗ ಮೈಮೇಲೆ ಇರುವುದು ಯಾರ ಅಂಗಿ ಎಂದು ಮತ್ತೆ ಜಗಳ ಹತ್ತಿತು. ಬರ್ಫ ಕರಗಿ ಅಂಗಳದಲ್ಲಿ ಬಂಗಡೆ ವಾಸನೆಯ ತೊರೆ ಹರಿಯಿತು. ಬೆಕ್ಕುಗಳು ಹತ್ತಾದವು.

“ನಾಲ್ಕು ಗಂಟೆಯೊಳಗೆ ಎತ್ತದಿದ್ರೆ ನಾನೂ ನನ್ನ ಮಗನೂ ಎಳ್ಕಂಡು ಹೋಗ್ತೇವೆ” ಎಂದು ಕಾಶಿಯ ಹೆಂಡತಿ ಬಾಗಿಲಿಗೆ ಬಂದು ಹೇಳಿದಳು. “ಬದುಕಿದ್ದಾಗ ಆದಿತ್ಯವಾರ ಒಂದೂ ಮನೆಗೆ ಬಿಡ್ಲಿಲ್ಲ. ಈಗಾದ್ರೂ ಬಿಡ್ರೋ!”

ಬೊಮ್ಮಯ್ಯ ಮತ್ತೆ ಬೆರಳು ಮಡಚಿದ. ಅಂಕೋಲೆಯ ಹೆಗಲೇ ಎಂದಾದರೆ ತನ್ನ ಹೆಗಲು ಹೋಯಿತು. ಹೆಂಡತಿ ಮಗ ಎಳೆದುಕೊಂಡು ಹೋದರೂ ಹೋಯಿತು. ಇನ್ನೊಂದು ಅವಕಾಶ ಬರಬೇಕಾದರೆ ಮಾಸ್ತಿ, ಕುಪ್ಪ, ಸುಬ್ಬರಲ್ಲಿ ಒಬ್ಬ ಸಾಯಬೇಕು. ಆಗ ತನ್ನನ್ನು ಸೇರಿಸಿದರೂ ಹೊರುವವರು ಮೂವರೇ. ಅವನು ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಸಭೆಯ ಮಧ್ಯ ನಿಂತು ಕೈಯೆತ್ತಿದ.

“ಬದಲಿಯನ್ನೇ ರದ್ದು ಮಾಡ್ವ!”

ಎರಡೂ ಕಡೆಯವರು ಅಂಗಿ ಎಳೆಯುವುದು ಬಿಟ್ಟು ತಿರುಗಿದರು.

“ತೊಂಬತ್ತೊಂದರ ಬದಲಿ ಆಗ್ಲೇ ಇಲ್ಲ ಅಂತ ತಿಳ್ಕಣಿ. ಆಗ ಕಾಶಿ ಹುಟ್ಟಿದಾಗಿಂದ ಬಿಣಗಾದವನೇ. ಅಂಗಿ ಕೆಂಪು, ಹೆಗಲು ನಮ್ದು. ಅಂಕೋಲೆಯವ್ರಿಗೂ ಅವಮಾನ ಇಲ್ಲ. ಅವ್ರು ದೊಡ್ಡ ಮನಸ್ಸಿಂದ ತಿರುಗಿ ಕೊಟ್ಟಂಗೆ ಆಯ್ತು.”

ಮಾಸ್ತಿ ಅವನನ್ನು ಮೊದಲ ಸಲ ನೋಡಿದವನಂತೆ ನೋಡಿದ. “ಬರೋಬರ್ ಹೇಳ್ದ ರೇ!” ಎಂದ ಕುಪ್ಪ. ಸುಬ್ಬ ಬೆನ್ನು ತಟ್ಟಿದ. ಆ ಬೆನ್ನನ್ನು ಬಿಣಗಾದಲ್ಲಿ ಯಾರೂ ಹಿಂದೆ ತಟ್ಟಿರಲಿಲ್ಲ.

ಪರಮೇಶ್ವರ ಗಲ್ಲ ಕೆರೆದುಕೊಂಡ. ತನ್ನವರನ್ನು ಬದಿಗೆ ಕರೆದು ಎರಡು ಮಾತಾಡಿದ. ತಿರುಗಿ ಬಂದಾಗ ಮುಖದಲ್ಲಿ ಸಿಟ್ಟೇ ಇರಲಿಲ್ಲ.

“ಆಯ್ತು. ಒಪ್ಪಿಗೆ.”

“ಹಣ್ಣು, ಚೆಂಡು?” ಎಂದು ಮಾಸ್ತಿ ಸಂಶಯದಿಂದ ಕೇಳಿದ.

“ತಿಂದದ್ದು ತಿಂದಾಯ್ತು, ಒದ್ದದ್ದು ಒದ್ದಾಯ್ತು. ಬಿಡಿ. ಆದ್ರೆ ಬಾಯಿಮಾತು ಬೇಡ, ಬರ್ದು ಕೊಡಿ.”

ಬರೆಯಲು ಬೊಮ್ಮಯ್ಯನೇ ಕೂತ. ಪಂಚಾಂಗದ ಹಾಳೆಯ ಹಿಂದೆ, ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು, ಗುಂಡಗಿನ ಅಕ್ಷರದಲ್ಲಿ ಬರೆದ: ‘ಹಳೆಯ ಬದಲಿ ಇಂದಿನಿಂದ ರದ್ದು. ಆಯಾ ಊರಿನ ಆಟಗಾರ ಆಯಾ ಊರಿಗೆ.’ ಮಾಸ್ತಿ ಸಹಿ ಹಾಕಿದ, ಪರಮೇಶ್ವರ ಸಹಿ ಹಾಕಿದ. ಸಾಕ್ಷಿಯೆಂದು ಬೊಮ್ಮಯ್ಯ ಉದ್ದನೆಯ ಸಹಿ ಎಳೆದ. ಮಾಸ್ತಿ, ಪರಮೇಶ್ವರ ಇಬ್ಬರೂ ಹೆಣದ ಮೇಲಿಂದ ಕೈಕುಲುಕಿದರು.

ಕೆಂಪು ಅಂಗಿ ಕಾಶಿಯ ಎದೆಯ ಮೇಲೆ ಕೊನೆಗೂ ನಿಂತಿತು. ವಿಕಾಸ ಬೆಂಕಿಯ ಮಡಕೆ ಹಿಡಿದು ಮುಂದಾದ. ಮಾಸ್ತಿ, ಕುಪ್ಪ, ಸುಬ್ಬ ತಂತಮ್ಮ ಮೂಲೆಗೆ ಬಂದರು. ಬೊಮ್ಮಯ್ಯ ಪಂಚೆಯೊಂದನ್ನು ಮಡಚಿ ಹೆಗಲಿಗೆ ಹಾಕಿಕೊಂಡು, ಕಣ್ಣು ಒರೆಸಿಕೊಂಡು, ನಾಲ್ಕನೇ ಮೂಲೆಗೆ ಬಗ್ಗಿದ.

“ನೀ ಎಲ್ಲಿಗೆ?” ಎಂದ ಮಾಸ್ತಿ.

“ಎತ್ತೂಕೆ.”

“ಬದಲಿ ರದ್ದಾಯ್ತಲ್ಲ ಮಾರಾಯ. ಕಾಶಿ ನಮ್ಮವ ಆದ ಮೇಲೆ ನೀ ಅಂಕೋಲೆಯವ. ನೀನೇ ಬರ್ದದ್ದು.”

ಬೊಮ್ಮಯ್ಯ ಬಗ್ಗಿದಲ್ಲೇ ಉಳಿದ. “ಮಾಸ್ತಿಣ್ಣ, ಬರ್ಫ ತಂದದ್ದು ನಾನು...”

“ಉಪಕಾರ ಆಯ್ತು. ಆದ್ರೆ ಪದ್ಧತಿ ಪದ್ಧತಿಯೇ” ಎಂದು ಮಾಸ್ತಿ ಪರಮೇಶ್ವರನ ಕಡೆ ತಿರುಗಿದ. “ನಮ್ಮಲ್ಲಿ ಒಂದು ಹೆಗಲು ಕಡಿಮೆ ಅದೆ. ಟೂರ್ನಮೆಂಟಿನಲ್ಲಿ ಕೊಡ್ತಿದ್ರಲ್ಲ, ಹಂಗೆ ಸುಡುಗಾಡಿನವರೆಗೆ ಒಬ್ಬ ಆಟಗಾರನ್ನ ಎರವಲು ಕೊಡಿ.”

ಬೊಮ್ಮಯ್ಯನ ಮುಖದಲ್ಲಿ ಜೀವ ಬಂತು. “ನಾ ಇದ್ದೆ! ಪರಮೇಶ್ವರಣ್ಣ, ನನ್ನನ್ನೇ ಕೊಡಿ!”

ಪರಮೇಶ್ವರ ಅವನ ತೋಳನ್ನು ಭದ್ರವಾಗಿ ಹಿಡಿದ. “ನೀ ಇವತ್ತಷ್ಟೇ ನಮ್ಮ ಕೈಗೆ ಬಂದವ. ಬಂದ ದಿವಸವೇ ಹೊರಗೆ ಆಡೂಕೆ ಬಿಡೂಕಾಗೂದಿಲ್ಲ. ನಿತಿನ, ನೀ ಹೋಗು.”

ಅಂಕೋಲೆಯ ಹಳೆಯ ಬ್ಯಾಕ್ ನಿತಿನ ನಾಲ್ಕನೇ ಮೂಲೆಗೆ ಹೆಗಲು ಕೊಟ್ಟ. ಕಾಶಿ ಎದ್ದು ಹೊರಟ. ಜನ, ಬೆಕ್ಕುಗಳು ಹಿಂದೆ ಹೋದವು. ದಾರಿಯಲ್ಲಿ ಬಿಣಗಾದವರು ಮಾತಾಡುವುದು ಕೇಳುತ್ತಿತ್ತು: ಆ ಬದಲಿಯನ್ನು ಕೊಟ್ಟು ಕಾಶಿಯನ್ನು ತಿರುಗಿ ತಂದೆವಲ್ಲ, ಚೆಂಡಿಯಾದ ಬೂಟೂ ಇದರ ಮುಂದೆ ಏನಲ್ಲ.

ಟೆಂಪೊದ ಹತ್ತಿರ ಅಂಕೋಲೆಯವರೂ ಅದನ್ನೇ ಮಾತಾಡುತ್ತಿದ್ದರು. “ಸತ್ತವನ್ನ ಕೊಟ್ಟು ಜೀವ ಇದ್ದವನ್ನ ತಕಂಡ್ವಿ! ಯೂನಿಯನ್ನಿನ ಚರಿತ್ರೆಯಲ್ಲೇ ಇಂಥ ಬದಲಿ ಆಗಿಲ್ಲ.”

ಬೊಮ್ಮಯ್ಯನನ್ನು ಮುಂದಿನ ಸೀಟಿಗೆ ಹತ್ತಿಸಿದರು. ಅವನ ಮನೆ ಅಲ್ಲಿಂದ ಇನ್ನೂರು ಹೆಜ್ಜೆ. ಅದನ್ನು ಅವನು ಎರಡು ಸಲ ಹೇಳಿದ. ಕ್ಲಬ್ಬಿನ ಪಟ್ಟಿಯಲ್ಲಿ ಹೆಸರು ಬರೆಸಿ ಬಾ, ಆಮೇಲೆ ಬಸ್ಸು ಅದೆ ಎಂದರು.

ಪಕ್ಕದಲ್ಲಿ ಪರಮೇಶ್ವರ ಏದುಸಿರು ಬಿಡುತ್ತ ಕೂತ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಅಂಗಿಯ ಗುಂಡಿ ಬಿಚ್ಚಿ ಎದೆ ನೀವಿಕೊಂಡ.

“ಒಳಗೆ ಎರಡು ಸ್ಟೆಂಟ್ ಅವೆ ಬೊಮ್ಮಯ್ಯ. ಮೂರನೇದು ಹಾಕೂಕೆ ಜಾಗ ಇಲ್ಲ ಅಂದ್ರು ಡಾಕ್ಟ್ರು. ಈ ಮಳೆಗಾಲ ದಾಟಿದ್ರೆ ಹೆಚ್ಚು.” ಅವನು ಧ್ವನಿ ತಗ್ಗಿಸಿದ. “ಟೆಂಪೊ ತುಂಬ ಜನ ಇದ್ರೂ ಆಡಿದವ್ರು ಕಡ್ಮೆ. ನನ್ನ ಬಿಟ್ರೆ ನಮ್ಮಲ್ಲಿ ಹೊರುವವ್ರು ಮೂರೇ ಜನ ಉಳ್ದಿದ್ರು. ರಾತ್ರಿಯೆಲ್ಲ ಅದೇ ಚಿಂತೆ ನಂಗೆ. ನೀ ರದ್ದು ಅಂದದ್ದೇ, ದೇವ್ರೇ ಬಾಯಿ ಬಿಟ್ಟಂಗೆ ಆಯ್ತು.”

ಟೆಂಪೊ ಹೆದ್ದಾರಿಗೆ ಹೊರಳಿತು. ಪರಮೇಶ್ವರ ಕೈ ಚಾಚಿ, ಸಂತೆಯಲ್ಲಿ ಎತ್ತಿನ ಭುಜ ನೋಡುವವನಂತೆ, ಬೊಮ್ಮಯ್ಯನ ಎರಡೂ ಹೆಗಲನ್ನು ಒಂದೊಂದಾಗಿ ಒತ್ತಿ ನೋಡಿದ.

“ಎತ್ತರ ಸರಿ ಅದೆ. ಎಡದ್ದು ಗಟ್ಟಿಯಾ, ಬಲದ್ದಾ?”