ಮೇಜಿನ ಮೇಲಿನ ಮಂಕಿ ಕ್ಯಾಪ್

ಸಿಯಾಲ್ದಾ ಬಳಿಯ ಆ ಸರ್ಕಾರಿ ಕಚೇರಿಯಲ್ಲಿ ಯಾರೂ ಚಹಾಕ್ಕೆ ಹೋಗುತ್ತಿರಲಿಲ್ಲ. ‘ಫೈಲ್ ಹುಡುಕಲು’ ಹೋಗುತ್ತಿದ್ದರು. ಮಧ್ಯಾಹ್ನದ ನಿದ್ದೆಗೆ ‘ಫೈಲ್ ಪರಿಶೀಲನೆ’ ಎಂದೂ, ಶೌಚಾಲಯಕ್ಕೆ ‘ಅರ್ಜೆಂಟ್ ಫೈಲ್’ ಎಂದೂ, ಮರೆಯಲಾಗದ ಹೆಣ್ಣಿಗೆ ‘ಹಳೇ ಫೈಲ್’ ಎಂದೂ ಹೆಸರು. ಚಳಿಗಾಲದಲ್ಲಿ ಹೊರಟವನು ಮೇಜಿನ ಮೇಲೆ ತನ್ನ ಮಂಕಿ ಕ್ಯಾಪ್ ಇಟ್ಟರೆ ಸಾಕು, ಉಳಿದವರು ಪ್ರಾಣ ಹೋದರೂ ಅವನನ್ನು ಬಿಟ್ಟುಕೊಡುತ್ತಿರಲಿಲ್ಲ. ಯಾರು ಬಂದು ಕೇಳಿದರೂ ಒಂದೇ ಉತ್ತರ: ಫೈಲ್ ಹಿಂದೆ ಹೋಗಿದ್ದಾರೆ, ಇವತ್ತು ಬರುವುದಿಲ್ಲ.

ಇಪ್ಪತ್ತಾರು ವರ್ಷಗಳಲ್ಲಿ ಕ್ಯಾಪ್ ಇಡದೆ ಉಳಿದವರು ಹೆಡ್ ಕ್ಲರ್ಕ್ ಪುರುಷೋತ್ತಮರಾಯರು ಒಬ್ಬರೇ. ಅವರ ಬಾಯಲ್ಲಿ ಫೈಲ್ ಎಂದರೆ ಫೈಲೇ. ಹಿಂದೊಮ್ಮೆ, ಜಾದವ್‌ಪುರದಲ್ಲಿ ಮೆಸ್ ನಡೆಸುತ್ತಿದ್ದ ಉಡುಪಿ ಕಡೆಯ ರಾಜೀವಿ, ಈ ಒಂಟಿ ಗಿರಾಕಿಗೆ ಸಾರು ಬಡಿಸುತ್ತ, “ನಾಳೆ ಮಧ್ಯಾಹ್ನ ಸರೋವರದ ಹತ್ರ ಬರ್ತೀರಾ? ಸ್ವಲ್ಪ ಮಾತಾಡ್ಲಿಕ್ಕುಂಟು” ಎಂದಿದ್ದಳು.

“ನಾಳೆ ಒಂದು ಫೈಲ್ ಇದೆಯಲ್ಲ” ಎಂದಿದ್ದರು ರಾಯರು. ನಿಜವಾಗಿಯೂ ಇತ್ತು. ಆಮೇಲೆ ಹದಿನೆಂಟು ವರ್ಷ ಆಕೆ ಸಾರು ಬಡಿಸಿದಳು. ಮಾತು ಮಾತ್ರ ಸೌಟಿನಲ್ಲೇ ಉಳಿಯಿತು.

ಈಗ ಮೆಸ್ಸಿನ ಜಾಗಕ್ಕೆ ಕಂಪ್ಯೂಟರ್ ತರಬೇತಿ ಕೇಂದ್ರ ಬರುತ್ತಿತ್ತು. ರಾಜೀವಿ ಇಂದು ಹೂಗ್ಲಿ ನದಿಯಾಚೆಯ ಸ್ಟೇಷನ್ನಿನಿಂದ ಮೂರು ಗಂಟೆಯ ರೈಲಿಗೆ ಊರಿಗೆ ಹೊರಟಿದ್ದಳು, ಮತ್ತೆ ಬಾರದಂತೆ. ಸರೋವರದ ದಂಡೆಯಲ್ಲಿ ಆಕೆ ಏನು ಹೇಳಬೇಕೆಂದಿದ್ದಳೆಂದು ಇಂದಾದರೂ ಕೇಳಬೇಕು.

ಹನ್ನೆರಡಕ್ಕೆ ರಾಯರು ಕ್ಯಾಪನ್ನು ಮೇಜಿನ ಮೇಲಿಟ್ಟರು.

ಪಕ್ಕದ ಮೇಜಿನ ಧಾರವಾಡದ ವೀರಭದ್ರ ಕನ್ನಡಕ ಮೇಲೇರಿಸಿದ. “ಏನ್ರೀ ರಾಯರ, ಇವತ್ತ ಸೂರ್ಯ ಹೂಗ್ಲಿ ಆಚೀ ಕಡಿಂದ ಹುಟ್ಟ್ಯಾನೇನು? ಹಳೇ ಫೈಲೇನ್ರೀ?”

ರಾಯರು ಲಕೋಟೆಯ ಅರಗಿನಂತೆ ಕೆಂಪಾದರು.

“ಹೋಗ್ರಿ ಹೋಗ್ರಿ. ಸಾಹೇಬ ಬರ್ಲಿ, ಯಮನ ಬರ್ಲಿ, ನಾ ನೋಡ್ಕೋತೇನಿ.”

ಮೆಟ್ಟಿಲಲ್ಲಿ ಸಾಹೇಬರೇ ಎದುರಾದರು. “ಎಲ್ಲಿಗೆ?”

“ಫೈಲ್... ಹಳೆಯದು, ಸರ್.”

ಬೇರೆ ಯಾರಾದರೂ ಹಾಗೆಂದಿದ್ದರೆ ಸಾಹೇಬರು ನಕ್ಕು ಬಿಡುತ್ತಿದ್ದರು. ರಾಯರ ಮಾತಾದ್ದರಿಂದ ನಂಬಿದರು. ನಂಬಿದ್ದಷ್ಟೇ ಅಲ್ಲ, ಮನ ಕರಗಿ ಅಂಗಿಯ ತೋಳು ಮಡಚಿ, “ಬನ್ನಿ, ಇಬ್ಬರೂ ಹುಡುಕೋಣ” ಎಂದು ದಾಖಲೆ ಕೋಣೆಗೆ ಎಳೆದೊಯ್ದರು. ಕಟ್ಟುಗಳ ಮಧ್ಯೆ ಸಾಹೇಬರು ಒಲೆ ಮುಂದೆ ಮೆಣಸಿನಕಾಯಿ ಹುರಿದವರಂತೆ ಸೀನುತ್ತಿದ್ದರೆ, ರಾಯರು ಗಡಿಯಾರ ನೋಡುತ್ತಿದ್ದರು. ಒಂದೂಕಾಲಕ್ಕೆ ಸಾಹೇಬರು ಏಣಿ ಹತ್ತಿದ್ದೇ ಇವರು ನುಸುಳಿಕೊಂಡರು.

ಲೋಕಲ್ ರೈಲಿನಲ್ಲಿ ಉಪ್ಪಿನಕಾಯಿ ಭರಣಿಯ ಹೋಳಿನಂತೆ ಒತ್ತಿಸಿಕೊಂಡು ಜಾದವ್‌ಪುರ ತಲುಪಿದಾಗ ತಲೆಗೂದಲಲ್ಲಿ ಇನ್ನೂ ದಾಖಲೆ ಕೋಣೆಯ ಜೇಡರಬಲೆ. ಮೆಸ್ಸಿಗೆ ಬೀಗ. ಬಾಗಿಲ ಮೇಲೆ ಕಂಪ್ಯೂಟರಿನ ಹೊಸ ಫಲಕ.

“ದೀದಿ ಒಂದು ಗಂಟೆಗೇ ಟ್ಯಾಕ್ಸಿ ಹತ್ತಿದರು, ಬಾಬು” ಎಂದ ಪಕ್ಕದ ಪಾನ್ ಅಂಗಡಿಯವನು. “ಸ್ಟೇಷನ್ನಿಗೆ ಮೊದಲು ಸಿಯಾಲ್ದಾದಲ್ಲಿ ಯಾರದೋ ಆಫೀಸಿಗೆ ಹೋಗಬೇಕು ಎಂದರು.”

ರಾಯರ ಎದೆಯಲ್ಲಿ ಹದಿನೆಂಟು ವರ್ಷ ಒಮ್ಮೆಲೇ ಎದ್ದು ನಿಂತವು. ಓಡಿದರು.

ಕಚೇರಿ ಮುಟ್ಟಿದಾಗ ಮೂರಕ್ಕೆ ಹತ್ತು ನಿಮಿಷ. ವೀರಭದ್ರನ ಮುಖ ತಿಕ್ಕಿದ ಹಿತ್ತಾಳೆಯಂತೆ ಹೊಳೆಯುತ್ತಿತ್ತು.

“ರಾಯರ, ನಿಮ್ಮ ಮರ್ಯಾದಿ ಉಳಿಸೇನ್ರೀ. ಒಬ್ಬಾಕಿ ಬಂದಿದ್ಲು, ಕೈಯಾಗ ಸ್ಟೀಲ್ ಡಬ್ಬಿ. ನಿಮ್ಮನ್ನ ಕೇಳಿದ್ಲು. ನಾ ಬಿಡ್ತೇನೇನು? ಫೈಲ್ ಹಿಂದ ಹೋಗ್ಯಾರ, ಇವತ್ತ ಬರೂದಿಲ್ಲ ಅಂದೆ.”

“ಅವರು... ಏನಂದ್ರು?”

“ನಕ್ಕಳ್ರೀ. ‘ಇವತ್ತೂ ಫೈಲುಂಟಾ?’ ಅಂದ್ಲು. ಡಬ್ಬಿ ತಿರುಗಿ ಚೀಲದಾಗ ಇಟ್ಕೊಂಡು ಹೋದ್ಲು. ಸಂದೇಶ್ ಮಿಠಾಯಿ ತಿನಸ್ಬೇಕು ನೋಡ್ರಿ ನಮಗ.”

ಉಳಿದ ಹತ್ತು ನಿಮಿಷದಲ್ಲಿ ನದಿ ದಾಟುವಂತಿರಲಿಲ್ಲ. ರಾಯರು ಕ್ಯಾಪನ್ನು ಎತ್ತಿ, ಕಣ್ಣು ಮುಚ್ಚುವವರೆಗೆ ಎಳೆದುಕೊಂಡರು. ಅಷ್ಟರಲ್ಲಿ ಧೂಳಿನಿಂದ ಬೆಳ್ಳಗಾಗಿದ್ದ ಸಾಹೇಬರು ಒಂದು ಕಟ್ಟನ್ನು ಅವರ ಮುಂದೆ ಧೊಪ್ಪೆಂದು ಹಾಕಿದರು.

“ಸಿಕ್ಕಿತು. ಇದಕ್ಕಿಂತ ಹಳೆಯದು ಈ ಕಟ್ಟಡದಲ್ಲೇ ಇಲ್ಲ. ನಾಳೆಯೊಳಗೆ ಪೂರ್ತಿ ಓದಿ, ಟಿಪ್ಪಣಿ ಬರೆದುಕೊಡಿ.”