ಮುಳ್ಳಿಲ್ಲದ ಗಾಳದ ಪರವಾಗಿ

ಹಟಮಾರಿಗಳ ಸುತ್ತ ನಗೆಪಾಟಲಿನ ಪ್ರಸಂಗಗಳು ಕರೆಯದೆಯೇ ಬಂದು ಸೇರುತ್ತವೆ. ಒಂದೇ ಸೂರಿನಡಿ ಇಬ್ಬರು ಹಟಮಾರಿಗಳಿದ್ದರೆ ಅವು ಬಾಗಿಲ ಬಳಿ ಸರತಿಯಲ್ಲಿ ನಿಲ್ಲುತ್ತವೆ. ಲಂಡನ್ನಿನ ಗ್ರೀನ್‌ಫರ್ಡಿನ ಗೋದಾಮುಗಳ ಸಾಲಿನ ಕೊನೆಯಲ್ಲಿದ್ದ ಮೀನುಗಾರಿಕೆ ಸಾಮಾನಿನ ಅಂಗಡಿಯಲ್ಲಿ ಒಂದು ಹಟ ಅದರ ಇಂಗ್ಲಿಷ್ ಮಾಲೀಕರದು, ಇನ್ನೊಂದು ನನ್ನದು.

ಅದು ತೊಂಬತ್ತರ ದಶಕದ ಕೊನೆ. ನಾನು ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಅಕ್ಸ್‌ಬ್ರಿಡ್ಜ್‌ನಲ್ಲಿ ಮೀನಿನ ಕಿವಿರಿನ ಮೇಲೆ ಇನ್ನೊಂದು ಪದವಿ ಪಡೆದಿದ್ದೆ. ಕೆಲಸಕ್ಕೆ ಅರ್ಜಿ ಹಾಕಿದಾಗ ಒಂದೇ ಕಚೇರಿ ಒಮ್ಮೆ ನನ್ನ ಅರ್ಹತೆ ಹೆಚ್ಚಾಯಿತೆಂದೂ, ಇನ್ನೊಮ್ಮೆ ನನ್ನ ಅನುಭವ ಸಾಲದೆಂದೂ ತಿಳಿಸಿತು. ಎರಡಕ್ಕೂ ಸಹಿ ಹಾಕಿದವನು ಒಬ್ಬನೇ. ಓದಿದ್ದು ಎಲ್ಲಾದರೂ ಉಪಯೋಗಕ್ಕೆ ಬರಲಿ ಎಂಬ ಸಿಟ್ಟಿನಿಂದ ನಾನು ಈ ಅಂಗಡಿ ಸೇರಿದೆ.

ವಿಷಯ ಸರಳವಾದದ್ದು. ಸಾಮಾನ್ಯ ಗಾಳದ ಮೊನೆಯ ಕೆಳಗೆ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳೊಂದಿರುತ್ತದೆ. ಒಳಹೊಕ್ಕ ಗಾಳ ಹೊರಬರದಂತೆ ತಡೆಯುವುದು ಅದರ ಕೆಲಸ. ಸಾಲ್ಮನ್ ಮೀನು ಕಡಿಮೆಯಾಗುತ್ತಿದ್ದುದರಿಂದ, ಹಿಡಿದದ್ದನ್ನು ಮತ್ತೆ ನದಿಗೆ ಬಿಡುವ ಪದ್ಧತಿ ಆಗತಾನೆ ಹರಡುತ್ತಿತ್ತು. ಬಿಡುವುದೇ ನಿಜವಾದರೆ ಮುಳ್ಳೇಕೆ? ದವಡೆ ಹರಿಯುವುದಕ್ಕೆ? ನನ್ನ ಒತ್ತಾಯಕ್ಕೆ ಮಾಲೀಕರು ಮುಳ್ಳಿಲ್ಲದ ಗಾಳಗಳ ಒಂದು ತಟ್ಟೆ ತರಿಸಿದರು. ತರಿಸಿ, ಕತ್ತಲ ಮೂಲೆಯಲ್ಲಿಟ್ಟರು.

‘ಇವು ಗಾಳಗಳಲ್ಲ, ಬಾಗಿದ ಸೂಜಿಗಳು. ವಸಂತದ ಹೊತ್ತಿಗೆ ತಟ್ಟೆ ಖಾಲಿಯಾಗಬೇಕು. ಆಗದಿದ್ದರೆ ತಟ್ಟೆ ಕಾರ್ಖಾನೆಗೆ ವಾಪಸು ಹೋಗುತ್ತದೆ, ನೀನು ನಿನ್ನ ಅಕ್ಕನ ಮನೆಗೆ.’

‘ಆಗಲಿ. ಆದರೆ ತಟ್ಟೆಯನ್ನು ಬೆಳಕಿಗೆ ತನ್ನಿ,’ ಎಂದೆ. ಅವರು ತರಲಿಲ್ಲ. ನಾನು ತಂದೆ. ಸಂಜೆ ಅವರು ಮತ್ತೆ ಮೂಲೆಗಿಟ್ಟರು. ಇದು ನಮ್ಮ ದಿನಚರಿಯಾಯಿತು.

ಗಂಡಸರು ಯಾರಾದರೂ ಇದ್ದಾರೆಯೇ?

ಒಬ್ಬ ಗಿರಾಕಿ ಬಂದು, ನನ್ನ ತಲೆಯ ಮೇಲಿಂದ ಗೋಡೆಯನ್ನು ನೋಡುತ್ತ ಕೇಳಿದ: ‘ಸಾಲ್ಮನ್ ಗಾಳದ ಬಗ್ಗೆ ವಿಚಾರಿಸಬೇಕಿತ್ತು. ಗಂಡಸರು ಯಾರಾದರೂ ಇದ್ದಾರೆಯೇ?’

‘ಒಬ್ಬರಿದ್ದಾರೆ,’ ಎಂದು ಮಾಲೀಕರನ್ನು ಕರೆದೆ.

‘ಮೀನನ್ನು ಹಿಡಿದು ಬಿಡಬೇಕೆಂದಿದ್ದೇನೆ. ಮೂರು ಮೊನೆಯ ಗಾಳವೋ, ಒಂಟಿ ಮೊನೆಯದೋ?’

ಕಾರ್ಪ್ ಮೀನಿನ ವಿಷಯದಲ್ಲಿ ಮಾಲೀಕರು ಪಂಡಿತರು. ಸಾಲ್ಮನ್ ವಿಷಯದಲ್ಲಿ ಅವರಿಗಿದ್ದದ್ದು ಅಭಿಪ್ರಾಯ ಮಾತ್ರ. ಅವರು ನನ್ನ ಕಡೆ ನೋಡಿದರು.

‘ಒಂಟಿ,’ ಎಂದೆ.

‘ಒಂಟಿ,’ ಎಂದರು ಅವರು ಗಂಭೀರವಾಗಿ.

‘ಮುಳ್ಳು ಬೇಕೇ?’

‘ಬೇಡ,’ ಎಂದೆ.

ಮಾಲೀಕರು ಸಂಕಟಕ್ಕೆ ಸಿಕ್ಕಿಕೊಂಡರು. ಬೇಕು ಎಂದರೆ ಕಾರಣ ಹೇಳಬೇಕು. ಕಾರಣ ನನ್ನ ಬಳಿ ಇತ್ತೇ ಹೊರತು ಅವರ ಬಳಿ ಇರಲಿಲ್ಲ. ‘ಬೇಡ,’ ಎಂದು ಕಹಿ ಗುಳಿಗೆ ನುಂಗಿದಂತೆ ನುಡಿದರು. ತಟ್ಟೆಯಿಂದ ಮೊದಲ ಗಾಳಗಳು ಮಾರಾಟವಾದವು.

ಗಿರಾಕಿ ಅವರ ಕೈ ಕುಲುಕಿದ. ‘ತಿಳಿದವರನ್ನೇ ಕೇಳಬೇಕು ನೋಡಿ.’ ಆಮೇಲೆ ನನ್ನ ಕಡೆ ತಿರುಗಿ ವಾತ್ಸಲ್ಯದಿಂದ ಹೇಳಿದ: ‘ನೀನೂ ಇವರು ಹೇಳುವುದನ್ನು ಕೇಳಿ ಕಲಿತುಕೋ, ಮಗು.’

‘ಪ್ರಯತ್ನಿಸುತ್ತೇನೆ,’ ಎಂದೆ. ‘ಅವರು ಹೇಳುವ ಮೊದಲೇ ಕಲಿತುಬಿಡುವುದು ನನ್ನ ದೌರ್ಬಲ್ಯ.’

ಸ್ಟೀಲ್ ಕಂಪನಿ

ಅಕ್ಕ, ಭಾವ ಕಿಂಗ್ಸ್‌ಬರಿಯಲ್ಲಿದ್ದರು. ನಾನು ಅವರ ಜೊತೆಗಿದ್ದೆ. ಭಾವ ವೈದ್ಯರು. ಮನೆಯಲ್ಲಿ ಮೊಟ್ಟೆಗೂ ಪ್ರವೇಶವಿಲ್ಲ. ಅಂಥ ಮನೆಯ ಹುಡುಗಿ ಮೀನಿನ ಗಾಳ ಮಾರುತ್ತಾಳೆಂಬುದು ಅಕ್ಕನಿಗೆ ಮುಖ ತೋರಿಸಲಾಗದ ಸಂಗತಿ.

‘ಮಂದಿ ಮುಂದ ಏನಂತ ಹೇಳ್ಲೆವಾ ನಾ? ನಮ್ಮ ತಂಗಿ ಗಾಳ ಮಾರ್ತಾಳ ಅಂತ ಹೇಳ್ಲೇನು?’

‘ಹೌದು, ಹಂಗ ಹೇಳು.’

ಅವಳು ಹಾಗೆ ಹೇಳಲಿಲ್ಲ. ದಸರೆಗೆ ಮುಂಚಿನ ಕನ್ನಡ ಕೂಟವೊಂದರಲ್ಲಿ, ಮೈಸೂರಿನ ವೈದ್ಯರ ಪತ್ನಿಯೊಬ್ಬರು ‘ನಿಮ್ಮ ತಂಗಿ ಏನ್ ಮಾಡ್ಕೊಂಡಿದ್ದಾರೆ?’ ಎಂದು ಕೇಳಿದಾಗ, ಅಕ್ಕ ಕಣ್ಣು ಮಿಟುಕಿಸದೆ ‘ಸ್ಟೀಲ್ ಕಂಪನ್ಯಾಗ ಅದಾಳ್ರಿ’ ಎಂದಳು.

‘ಗಾಳ,’ ಎಂದು ನಾನು ತಿದ್ದಿದೆ. ‘ಮೀನು ಹಿಡಿಯುವ ಗಾಳ. ನಾನು ಅವನ್ನು ಆಯ್ದು ಮಾರುತ್ತೇನೆ.’

ಚಿತ್ರಾನ್ನದ ತಟ್ಟೆಗಳು ಸ್ತಬ್ಧವಾದವು. ಅಕ್ಕ ಹಪ್ಪಳದ ಡಬ್ಬಿಯ ಕಡೆ ನಡೆದಳು. ಗುಂಪಿನಲ್ಲಿ ಮುಖ ಅರಳಿದ್ದು ಒಬ್ಬರದೇ: ಉಡುಪಿ ಕಡೆಯಿಂದ ಬಂದ ಕ್ರೈಸ್ತ ಮಹಿಳೆ, ಆಸ್ಪತ್ರೆಯಲ್ಲಿ ಹಿರಿಯ ನರ್ಸ್. ಅವರು ಕುರ್ಚಿಯನ್ನೇ ನನ್ನ ಪಕ್ಕಕ್ಕೆ ಎಳೆದುಕೊಂಡರು.

‘ಒಳ್ಳೆ ಕೆಲಸ ಮಾರಾಯ್ತಿ! ಎಷ್ಟು ದೊಡ್ಡ ಮೀನು ಸಿಗ್ತದೆ ಅದರಲ್ಲಿ?’

ನಾನು ಎರಡೂ ಕೈ ಚಾಚಿ ತೋರಿಸಿದೆ. ಅವರು ಉಸಿರು ಬಿಗಿಹಿಡಿದರು.

‘ಹಿಡಿದು ಎಂತ ಮಾಡ್ತಾರೆ? ಫ್ರೈಯಾ, ಗಸಿಯಾ?’

‘ಬಿಟ್ಟುಬಿಡ್ತಾರೆ ಆಂಟಿ. ನಮ್ಮ ಗಾಳದಲ್ಲಿ ಮುಳ್ಳಿಲ್ಲ. ಮೀನಿಗೆ ಗಾಯವಾಗದಂತೆ ತೆಗೆದು ನದಿಗೇ ಬಿಡಬಹುದು.’

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಸಸ್ಯಾಹಾರಿಗಳ ಮೌನಕ್ಕಿಂತ ಆ ನೋಟ ತೀಕ್ಷ್ಣವಾಗಿತ್ತು.

‘ಹಿಡಿದದ್ದನ್ನು ಬಿಡುವುದಾ? ಹಾಗಾದ್ರೆ ಮನೆಯಲ್ಲಿ ಹೆಂಡತಿ ಅರೆದಿಟ್ಟ ಮಸಾಲೆ ಎಂತ ಮಾಡುವುದು? ಅದನ್ನೂ ಹೊಳೆಗೆ ಬಿಡುವುದಾ?’

ತಪ್ಪಿಸಿಕೊಂಡ ಮೀನು

ಮೊದಲ ಸಲ ಮುಳ್ಳಿಲ್ಲದ ಗಾಳ ಕೊಂಡಿದ್ದ ಆ ಗಿರಾಕಿ ಸ್ಕಾಟ್ಲೆಂಡಿನಿಂದ ಕೆಂಡವಾಗಿ ಬಂದ.

‘ಮೀನು ಸಿಕ್ಕಿತ್ತು. ದಡದವರೆಗೂ ಎಳೆದಿದ್ದೆ. ನಿಮ್ಮ ಗಾಳ ಜಾರಿತು, ಮೀನು ಹೋಯಿತು!’

ಮಾಲೀಕರ ಮುಖದಲ್ಲಿ ಹಬ್ಬ. ನನ್ನ ಕಡೆ ಕೈ ತೋರಿಸಿ ಪಕ್ಕಕ್ಕೆ ಸರಿದು ನಿಂತರು. ಈ ಸಲ ಯಾರೂ ಗಂಡಸರನ್ನು ಹುಡುಕಲಿಲ್ಲ.

‘ದಾರ ಸಡಿಲ ಬಿಟ್ಟಿದ್ದಿರಾ?’

‘ಒಂದು ಕ್ಷಣ. ಕ್ಯಾಮೆರಾ ತೆಗೆಯಲು.’

‘ಮುಳ್ಳಿಲ್ಲದ ಗಾಳದ ನಿಯಮ ಅದೊಂದೇ: ದಾರ ಬಿಗಿಯಾಗಿರಬೇಕು. ಮೀನು ಕೈಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದಿರಿ?’

‘ಬಿಟ್ಟುಬಿಡುತ್ತಿದ್ದೆ.’

‘ಹಾಗಾದರೆ ನಷ್ಟವೇನು? ನಿಮಗೆ ಬಗ್ಗುವ ಶ್ರಮ ತಪ್ಪಿಸಿ ಮೀನೇ ಆ ಕೆಲಸ ಮುಗಿಸಿಕೊಂಡಿದೆ.’

ಅವನು ಯೋಚಿಸಿದ. ತನ್ನ ಸೊಂಟನೋವನ್ನು ನೆನೆದುಕೊಂಡನೆಂದು ಕಾಣುತ್ತದೆ. ಇನ್ನೊಂದು ಪೊಟ್ಟಣ ಕೊಂಡು ಹೋದ.

ಖಂಡೇಪೂಜೆ

ಗಾಳ ಎಷ್ಟೇ ಅವಮಾನಕರವಾಗಿರಲಿ, ನವಮಿಯಂದು ಮನೆಯಲ್ಲಿರುವ ಯಾವ ಸಾಧನವನ್ನೂ ಪೂಜೆಯಿಲ್ಲದೆ ಬಿಡುವವಳಲ್ಲ ನಮ್ಮ ಅಕ್ಕ. ಗರಿ, ರೇಷ್ಮೆದಾರ ಸುತ್ತಿ ‘ಫ್ಲೈ’ ಎಂಬ ಹುಸಿನೊಣ ಕಟ್ಟಲೆಂದು ನಾನು ಕೆಲವು ಗಾಳಗಳನ್ನು ಮನೆಗೆ ತಂದಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಭಾವನ ಸ್ಟೆತಾಸ್ಕೋಪು, ಇಸ್ತ್ರಿಪೆಟ್ಟಿಗೆ, ಮಿಕ್ಸರುಗಳ ಸಾಲಿನಲ್ಲಿ ನನ್ನ ಹುಸಿನೊಣಗಳೂ ಅರಿಷಿಣ ಕುಂಕುಮ ಮೆತ್ತಿಕೊಂಡು ಕುಳಿತಿದ್ದವು.

‘ಅಕ್ಕಾ, ಇವು ಮಾರೂ ಸಾಮಾನು!’

‘ಇದ್ದರ ಇರಲಿ. ನಿನ್ನ ಹೊಟ್ಟಿ ಅದರ ಮ್ಯಾಲ ನಡೀತೈತಿ. ಸುಮ್ನ ನಮಸ್ಕಾರ ಮಾಡು.’

ಗರಿಗೆ ಹತ್ತಿದ ಕುಂಕುಮ ಉಜ್ಜಿದಷ್ಟೂ ಹರಡಿತು. ಹಾಗೆಯೇ ಅಂಗಡಿಗೆ ಒಯ್ದೆ. ಒಬ್ಬ ವೃದ್ಧರು ಕನ್ನಡಕ ಏರಿಸಿ ಕೇಳಿದರು: ‘ಈ ಕೆಂಪು ಹಳದಿ ಯಾವ ಮಾದರಿ? ನಾನು ಕಂಡೇ ಇಲ್ಲ.’

‘ಮಾದರಿಯಲ್ಲ. ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಕೆಲಸದ ಸಾಧನಗಳನ್ನು ಪೂಜಿಸುತ್ತೇವೆ,’ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಅಷ್ಟನ್ನೂ ಕೊಂಡರು. ಸಮುದ್ರದಿಂದ ನದಿಗೆ ಬಂದ ಸಾಲ್ಮನ್ ಏನನ್ನೂ ತಿನ್ನುವುದಿಲ್ಲ. ಆದರೂ ಅದು ಹುಸಿನೊಣವನ್ನು ಕಚ್ಚುವುದು ಬರೀ ಸಿಟ್ಟಿನಿಂದ ಎಂದು ಹಲವರ ಊಹೆ. ಈ ಒಂದು ಕಾರಣಕ್ಕೆ ಆ ಮೀನಿನ ಮೇಲೆ ನನಗೆ ಗೌರವ. ಕುಂಕುಮ ಕಂಡು ಯಾವುದೋ ಒಂದು ಮೀನು ವಿಪರೀತ ಸಿಟ್ಟಾಗಿರಬೇಕು. ಅದನ್ನು ಹಿಡಿದ ವೃದ್ಧರು ಕುಣಿಯುತ್ತ ಬಂದರು. ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದು, ‘ನಿನ್ನ ಅಕ್ಕ ಪ್ರತಿ ವಾರ ಪೂಜೆ ಮಾಡುವುದಿಲ್ಲವೇ?’ ಎಂದರು.

ಮನೆಯಲ್ಲಿ ಸುದ್ದಿ ಹೇಳಿದಾಗ ಅಕ್ಕ ಎದೆಗೆ ಕೈ ಇಟ್ಟುಕೊಂಡಳು. ‘ನನ್ನ ಪೂಜೆಯಿಂದ ಒಂದು ಜೀವ ಹೋತೇನ?’

‘ಇಲ್ಲ. ಮುಳ್ಳಿಲ್ಲದ ಗಾಳ. ಹಂಗ ಬಿಡಿಸಿ ಬಿಟ್ಟಾರ. ಈಜಿಕೋತ ಹೋತು.’

ಅಕ್ಕನ ಮುಖ ಬೆಳಗಿತು. ‘ಹಂಗಾದ್ರ ದೇವಿ ಕೈ ಬಿಟ್ಟಿಲ್ಲ,’ ಎಂದಳು. ‘ಮೀನಿಂದು.’

ಹೆಬ್ಬೆರಳು

ವಸಂತ ಬಂತು. ತಟ್ಟೆ ಅರ್ಧ ಖಾಲಿಯಾಗಿತ್ತು. ನನ್ನ ಲೆಕ್ಕದಲ್ಲಿ ಅದು ಗೆಲುವು. ಮಾಲೀಕರ ಲೆಕ್ಕದಲ್ಲಿ ಅರ್ಧ ಉಳಿದಿತ್ತು. ‘ಶನಿವಾರ ಕಾರ್ಖಾನೆಯ ವ್ಯಾನು ಬರುತ್ತದೆ,’ ಎಂದರು. ‘ನಿನಗೂ ಅಂದೇ ಕೊನೆಯ ದಿನ.’

ಶನಿವಾರ ಬೆಳಿಗ್ಗೆ ವ್ಯಾನಿಗಿಂತ ಮೊದಲು ಒಂದು ಮೀನುಗಾರರ ಕ್ಲಬ್ಬಿನ ಕಾರ್ಯದರ್ಶಿ ಬಂದರು. ಅವರ ಕ್ಲಬ್ಬು ಸ್ಕಾಟ್ಲೆಂಡಿಗೆ ಹೊರಟಿತ್ತು. ಅಲ್ಲಿಯ ನದಿಯ ಒಡೆಯರು ಮುಳ್ಳಿರುವ ಗಾಳವನ್ನು ನೀರಿಗಿಳಿಸಲು ಬಿಡುವುದಿಲ್ಲವಂತೆ. ‘ಮುಳ್ಳಿಲ್ಲವೆಂದು ಗೊತ್ತಾಗುವುದು ಹೇಗೆ?’

ನಾನು ಹತ್ತಿಯ ಕರವಸ್ತ್ರಕ್ಕೆ ಗಾಳ ಚುಚ್ಚಿ, ಹಿಂದಕ್ಕೆ ಎಳೆದೆ. ಒಂದು ಎಳೆಯೂ ಕೀಳದೆ ಹೊರಬಂತು. ‘ಹೀಗೆ.’

ಮಾಲೀಕರಿಗೆ ತಡೆಯಲಾಗಲಿಲ್ಲ. ‘ಇದೇನು ಮಹಾ! ಮುಳ್ಳಿರುವುದೂ ಬರುತ್ತದೆ, ಕೈಯಲ್ಲಿ ಕಸುವಿರಬೇಕು,’ ಎಂದು ಮುಳ್ಳಿನ ಗಾಳವನ್ನು ಅದೇ ವಸ್ತ್ರಕ್ಕೆ ಚುಚ್ಚಿ ಜಗ್ಗಿದರು. ಬರಲಿಲ್ಲ. ಮತ್ತಷ್ಟು ಜಗ್ಗಿದರು. ವಸ್ತ್ರ ಹರಿದು ಗಾಳ ಚಿಮ್ಮಿ, ಅವರ ಇನ್ನೊಂದು ಕೈಯ ಹೆಬ್ಬೆರಳಿನೊಳಗೆ ಕುಳಿತಿತು.

ಕಾರ್ಯದರ್ಶಿ ಬಗ್ಗಿ ನೋಡಿದರು. ‘ಹಿಡಿತ ಚೆನ್ನಾಗಿದೆ, ಒಪ್ಪಿಕೊಳ್ಳಲೇಬೇಕು,’ ಎಂದರು. ಅವರದೇ ಕಾರಿನಲ್ಲಿ ಮೂವರೂ ಆಸ್ಪತ್ರೆಗೆ ಹೋದೆವು.

ತುರ್ತು ವಿಭಾಗದ ತರುಣ ವೈದ್ಯರು ಬೆರಳಿಗೆ ಸೂಜಿಮದ್ದು ಕೊಟ್ಟು, ಚಿಮಟ ಹಿಡಿದು ಮರಗಟ್ಟುವುದನ್ನು ಕಾಯುತ್ತಿದ್ದರು. ನಾನು ಗಾಳವನ್ನು ನೋಡಿ ಅಭ್ಯಾಸಬಲದಿಂದ ‘ಅಯ್ಯ ಶಿವನ, ಎಷ್ಟ ಒಳಗ ಹೋಗೇತಿ!’ ಎಂದೆ.

ವೈದ್ಯರ ತಲೆ ಥಟ್ಟನೆ ಮೇಲಕ್ಕೆದ್ದಿತು. ‘ಯಾವೂರ್ರಿ ನಿಮ್ದು?’

‘ಧಾರವಾಡ್ರಿ.’

‘ಧಾರವಾಡದಾಗ ಎಲ್ಲೆ?’

ಪರದೇಶದಲ್ಲಿ ಕನ್ನಡಿಗರಿಬ್ಬರು ಎದುರಾದರೆ ಊರು, ಓಣಿ, ಹಾಸ್ಟೆಲ್ಲು ಮುಗಿಯುವವರೆಗೆ ಬೇರೆ ಯಾವ ತುರ್ತೂ ತುರ್ತಲ್ಲ. ವೈದ್ಯರೂ ಅಲ್ಲಿಯೇ ಓದಿದವರು. ಮಾಲೀಕರ ಹೆಬ್ಬೆರಳನ್ನು ಮಾತ್ರ ಅವರು ಬಿಡಲಿಲ್ಲ.

‘ಹಾಸ್ಟೆಲ್ ಹಿಂದ ಒಂದು ಖಾನಾವಳಿ ಇತ್ತಲ್ರಿ, ಅಜ್ಜಿ ನಡಸ್ತಿದ್ಲು. ಹೆಂಗೈತ್ರಿ ಈಗ?’

‘ಹೋತ್ರಿ ಅದು.’

‘ಏನಂದ್ರಿ?’ ವೈದ್ಯರ ಮುಖ ಇಳಿಯಿತು. ಹೆಬ್ಬೆರಳನ್ನು ದಿಟ್ಟಿಸುತ್ತ ನಿಧಾನವಾಗಿ ತಲೆಯಾಡಿಸಿದರು. ‘ಛೇ, ಛೇ, ಛೇ.’

ಮಾಲೀಕರು ಬಿಳಿಚಿಕೊಂಡರು. ‘ಏನು ಹೇಳುತ್ತಿದ್ದಾರೆ?’

‘ನಿಮ್ಮ ವಿಷಯವಲ್ಲ,’ ಎಂದೆ.

‘ನನ್ನ ಬೆರಳು ಹಿಡಿದುಕೊಂಡು ಇನ್ಯಾರ ವಿಷಯ?’

‘ರಸ್ತಾ ಅಗಲ ಮಾಡಾಕ ಕೆಡವ್ಯಾರ್ರಿ,’ ಎಂದು ವೈದ್ಯರಿಗೆ ತಿಳಿಸಿದೆ.

‘ಎಲ್ಲೀತನಕ ತಗದ್ರು?’ ವೈದ್ಯರು ಚಿಮಟದ ತುದಿಯನ್ನು ಮಾಲೀಕರ ಮಣಿಕಟ್ಟಿನ ಮೇಲಿಟ್ಟರು. ‘ಹಾಸ್ಟೆಲ್ ಇಲ್ಲೆ ಅಂತ ತಿಳ್ಕೋರಿ.’ ಚಿಮಟ ಮೊಣಕೈಗೆ ಸರಿಯಿತು. ‘ಹುಣಸಿ ಗಿಡ ಇಲ್ಲೆ. ಇಷ್ಟೂ ತಗದ್ರೇನು?’

‘ಇಷ್ಟೂ ತಗದಾರ್ರಿ,’ ಎಂದು ನಾನೂ ಮಣಿಕಟ್ಟಿನಿಂದ ಮೊಣಕೈವರೆಗೆ ಬೆರಳಾಡಿಸಿದೆ.

‘ಮೊಣಕೈವರೆಗೇ?’ ಮಾಲೀಕರ ದನಿ ಸೀಳಿತು. ‘ಒಂದು ಗಾಳಕ್ಕೆ?’

‘ನಿಮ್ಮ ವಿಷಯವಲ್ಲವೆಂದು ಹೇಳಿದೆನಲ್ಲ,’ ಎಂದು ಎರಡನೆಯ ಸಲವೂ ಸತ್ಯವನ್ನೇ ನುಡಿದೆ. ಅವರು ನಂಬಲಿಲ್ಲ. ರೋಗಿಯಿಂದ ಮುಚ್ಚಿಡುತ್ತಿದ್ದೇವೆಂದೇ ತಿಳಿದರು.

‘ಕೇಳು. ಆ ತಟ್ಟೆ ಕಾರ್ಖಾನೆಗೆ ಹೋಗುವುದಿಲ್ಲ. ಮುಳ್ಳಿಲ್ಲದ ಗಾಳವನ್ನು ಎಷ್ಟು ಬೇಕಾದರೂ ತರಿಸು, ಕಿಟಕಿಯಲ್ಲೇ ಇಡು. ನೀನೂ ಎಲ್ಲಿಗೂ ಹೋಗಬೇಡ. ಮೊಣಕೈಯೊಂದನ್ನು ಬಿಡಲು ಅವರಿಗೆ ಹೇಳು!’

‘ನಾನು ಕೇಳಿಸಿಕೊಂಡಿದ್ದೇನೆ,’ ಎಂದರು ಕಾರ್ಯದರ್ಶಿ ಬಾಗಿಲ ಬಳಿಯಿಂದ. ‘ತಟ್ಟೆಯಲ್ಲಿ ಉಳಿದದ್ದು ನಮ್ಮ ಕ್ಲಬ್ಬಿಗೆ.’

ವೈದ್ಯರು ನಿಟ್ಟುಸಿರು ಬಿಟ್ಟು ಕೆಲಸಕ್ಕೆ ಮರಳಿದರು. ಮೊನೆಯನ್ನು ಮುಂದಕ್ಕೆ ತೂರಿಸಿ, ಹೊರಬಂದ ಮುಳ್ಳನ್ನು ಕತ್ತರಿಸಿ, ಗಾಳವನ್ನು ಹಿಂದಕ್ಕೆ ಜಾರಿಸಿದರು. ಸಣ್ಣದೊಂದು ಪಟ್ಟಿ ಅಂಟಿಸಿ, ಮನೆಗೆ ಹೋಗಬಹುದೆಂದರು.

ಕಾರು ನಿಲ್ಲಿಸಿದ್ದಲ್ಲಿಗೆ ನಡೆಯುವಾಗ ಮಾಲೀಕರು ತಮ್ಮ ತೋಳನ್ನು ಮಡಿಸಿ, ಬಿಡಿಸಿ ನೋಡಿಕೊಂಡರು. ಆಮೇಲೆ ಸಂಶಯದಿಂದ ಕೇಳಿದರು: ‘ನಿಜ ಹೇಳು. ಏನಾಗಿತ್ತು?’

‘ನಮ್ಮೂರಿನಲ್ಲಿ ಒಂದು ಊಟದ ಮನೆ ಕೆಡವಿದರು.’

ಅವರು ನಡುದಾರಿಯಲ್ಲಿ ನಿಂತುಬಿಟ್ಟರು. ‘ಊಟದ ಮನೆಯೇ? ಅಷ್ಟಕ್ಕೆ ಒಬ್ಬ ವೈದ್ಯ ಹಾಗೆ ಮುಖ ಮಾಡುತ್ತಾನೆಯೇ?’

‘ನೀವು ಅಲ್ಲಿಯ ಎಣ್ಣೆಗಾಯಿ ತಿಂದಿಲ್ಲ,’ ಎಂದೆ.